ಅತ್ತೆಮನೆಗೆ ಇಟಲಿ ಪೌರತ್ವ ಕೊಡಿಸಿದ ಪ್ರಸಂಗ

ಸಿಯಾಟಲ್ ಪಕ್ಕದ ಬೆಲ್ವ್ಯೂದ ಆಫೀಸಿನಲ್ಲಿ ನಾನು ಪ್ರಾಜೆಕ್ಟ್ ಮ್ಯಾನೇಜರ್. ಹೇಳಿದ ದಿನಕ್ಕೆ ಹೇಳಿದ ಕೆಲಸ ಮುಗಿಸಿಕೊಡುವವನು ಎಂಬ ಖ್ಯಾತಿ ನನ್ನದು. ಹಾಗಿರುವಾಗ ನನ್ನ ಹೆಂಡತಿ ಜೂಲಿಯಾ ಒಂದು ಸಂಜೆ, "ನಂಗೆ ಇಟಲಿ ಪೌರತ್ವ ಸಿಗಬಹುದಂತೆ ದಿವಾಕರ್, ಆದ್ರೆ ಭಾರೀ ಓಡಾಟ ಇದೆಯಂತೆ" ಅಂದರೆ ನಾನು ಸುಮ್ಮನಿರುತ್ತೇನೆಯೇ?

"ಅದನ್ನ ನನಗೆ ಬಿಡು!" ಅಂದೆ.

ಬಿಟ್ಟಳು. ಪಾಪ.

ವಿಷಯ ಗಂಭೀರವಾದದ್ದೇ. ಜೂಲಿಯಾ ವುಡಿನ್‌ವಿಲ್‌ನ ವೈನರಿಯೊಂದರಲ್ಲಿ ವೈನ್ ತಯಾರಿಸುವವಳು. ಇಟಲಿಯ ದ್ರಾಕ್ಷಿ ತೋಟವೊಂದು ಅವಳನ್ನು ಕೊಯ್ಲಿನ ಕಾಲದ ಕೆಲಸಕ್ಕೆ ಕರೆದಿತ್ತು. ಅದು ಅವಳ ಹಳೇ ಕನಸು. ಅಲ್ಲಿ ಕೆಲಸ ಮಾಡಲು ಪರ್ಮಿಟ್ ಸಿಗುವುದು ಕಷ್ಟ. ಆದರೆ ಅವಳ ತಾಯಿಯ ತಂದೆ ತಾಯಿ ಇಟಲಿಯಿಂದ ವಲಸೆ ಬಂದವರು. ವಂಶದ ಹಕ್ಕಿನಲ್ಲಿ ಪೌರತ್ವವೇ ಸಿಕ್ಕರೆ ಪರ್ಮಿಟ್ಟಿನ ಗೊಡವೆಯೇ ಇಲ್ಲ.

ವಂಶ ಎಂದ ಕೂಡಲೇ ನಾನು ಅಜ್ಜನನ್ನು ಹಿಡಿದೆ. ಅಜ್ಜ ಸಾಲ್ವತೋರೆ ತೀರಿಹೋಗಿ ಎಷ್ಟೋ ವರ್ಷವಾಗಿತ್ತು. ನಾನು ಸಿಡಿ ಹಾಕಿಕೊಂಡು, ಆಫೀಸಿಗೆ ಡ್ರೈವ್ ಮಾಡುವಾಗೆಲ್ಲ ಇಟಾಲಿಯನ್ ಕಲಿತೆ. ಅಜ್ಜನ ಊರಿಗೆ ಸ್ವಹಸ್ತದಿಂದ ಇಟಾಲಿಯನ್ ಭಾಷೆಯಲ್ಲೇ ಪತ್ರ ಬರೆದೆ. ಜನನ ಪ್ರಮಾಣಪತ್ರ ಬಂದೇ ಬಿಟ್ಟಿತು! ಅದಕ್ಕೆ ಫ್ರೇಮ್ ಹಾಕಿಸಿ, ಮರ್ಸರ್ ಐಲ್ಯಾಂಡಿನ ಅತ್ತೆಯ ಮನೆಯಲ್ಲಿ ಊಟದ ಹೊತ್ತಿಗೆ ಎದ್ದು ನಿಂತು, ಅಜ್ಜನ ನೆನಪಿನಲ್ಲಿ ಎಲ್ಲರ ಕೈಗೂ ವೈನ್ ಕೊಟ್ಟು, ಪುಟ್ಟ ಭಾಷಣವನ್ನೂ ಮಾಡಿದೆ. ಅತ್ತೆ ತೆರೇಸಾ ಕಣ್ಣೊರೆಸಿಕೊಂಡರು.

ಅವರ ಜೊತೆಗೇ ಇರುವ ಅವರ ತಾಯಿ ಕಾರ್ಮೇಲಾ ಅಜ್ಜಿ ಕನ್ನಡಕ ಹಾಕಿಕೊಂಡು ಫ್ರೇಮ್ ನೋಡಿದರು.

"ಯಾರಿವನು?"

"ನಿಮ್ಮ ಗಂಡ, ಅಜ್ಜಿ!"

"ನನ್ನ ಗಂಡನ ಊರಲ್ಲಿ ಸಮುದ್ರ ಇತ್ತು. ಇದು ಅದೇ ಹೆಸರಿನ ಗುಡ್ಡದ ಮೇಲಿನ ಊರು. ಇವನ ಅಮ್ಮನ ಹೆಸರೂ ಬೇರೆ" ಅಂದ ಅಜ್ಜಿ, ಗ್ಲಾಸ್ ಎತ್ತಿ, "ಇರಲಿ, ಅವನಿಗೂ ಒಳ್ಳೇದಾಗಲಿ" ಅಂತ ಕುಡಿದರು.

ಪ್ರಾಜೆಕ್ಟ್ ಮ್ಯಾನೇಜರ್ ಕುಗ್ಗುವವನಲ್ಲ. ಸಮುದ್ರದ ಊರಿಗೆ ಬರೆದೆ. ಸರಿಯಾದ ಸಾಲ್ವತೋರೆ ಸಿಕ್ಕರು. ಅವರ ಅಮೆರಿಕದ ದಾಖಲೆಗಳನ್ನೂ ಹುಡುಕಿಸಿದೆ. ಅವೂ ಸಿಕ್ಕವು. ಸಿಗದಿದ್ದರೇ ಚೆನ್ನಾಗಿತ್ತು! ಅತ್ತೆ ಹುಟ್ಟುವ ಮೊದಲೇ ಅಜ್ಜ ಅಮೆರಿಕನ್ ಪ್ರಜೆಯಾಗಿದ್ದರು. ಅಲ್ಲಿಗೆ ಕೊಂಡಿ ಕಳಚಿತು. ಮಗಳಿಗೆ ಕೊಡಲು ಅವರ ಹತ್ತಿರ ಇಟಲಿಯೇ ಉಳಿದಿರಲಿಲ್ಲ.

ಜೂಲಿಯಾ ನನ್ನನ್ನು ಬೈಯಲಿಲ್ಲ. ಅದೇ ಕಷ್ಟವಾದದ್ದು. "ತೋಟದವರಿಗೆ ಬರೋಕಾಗಲ್ಲ ಅಂತ ಹೇಳ್ಬಿಡ್ತೀನಿ" ಅಂತ ಸಣ್ಣ ದನಿಯಲ್ಲಿ ಅಂದು ಒಳಗೆ ಹೋದಳು.

ಆ ಶನಿವಾರ ಉಡುಪಿಗೆ ಕಾಲ್ ಮಾಡಿದಾಗ ಅಮ್ಮನ ಹತ್ತಿರ ದುಃಖ ತೋಡಿಕೊಂಡೆ.

"ಅಲ್ಲ ಮಾರಾಯ, ನೀನು ಆ ಅಜ್ಜನ ಹಿಂದೆಯೇ ಬಿದ್ದದ್ದು ಯಾಕೆ? ಅಜ್ಜಿಯದ್ದು ಎಂತ ಕತೆ?"

"ಅಮ್ಮಾ, ವಂಶ ಅಂದ್ರೆ..."

"ನಿನ್ನ ಬಳಿ ಯಾರಿಂದ ಬಂದದ್ದು? ಅಪ್ಪನಿಂದಲಾ, ನನ್ನಿಂದಲಾ?"

ಫೋನ್ ಹಿಡಿದೇ ಹಣೆ ಚಚ್ಚಿಕೊಂಡೆ. ಬೇರೆಯವರಿಗೆ ಗೋತ್ರ ಇದ್ದ ಹಾಗೆ ತುಳುನಾಡಿನ ನಮ್ಮವರಿಗೆ ಬಳಿ. ಅದು ಬರುವುದು ತಾಯಿಯಿಂದ, ತಾಯಿಗೆ ಅವಳ ತಾಯಿಯಿಂದ. ಇಡೀ ಸಿಯಾಟಲ್‌ನಲ್ಲಿ ಈ ಸಂಗತಿ ಹುಟ್ಟಿನಿಂದಲೇ ಗೊತ್ತಿರಬೇಕಾದ ಬೆರಳೆಣಿಕೆಯ ಗಂಡಸರಲ್ಲಿ ನಾನೊಬ್ಬ!

ಮರುದಿನವೇ ಮರ್ಸರ್ ಐಲ್ಯಾಂಡಿಗೆ ಓಡಿದೆವು. ಅಜ್ಜಿ ಸೋಫಾದ ಮೇಲೆ ಕೂತು ಬೀನ್ಸ್ ನಾರು ತೆಗೆಯುತ್ತಿದ್ದರು.

"ಅಜ್ಜಿ, ನೀವು ಅಮೆರಿಕನ್ ಪ್ರಜೆ ಆದದ್ದು ಯಾವಾಗ?"

"ಆಗಿದ್ದೀನಿ ಅಂತ ಯಾರು ಹೇಳಿದ್ದು?"

ಅಡುಗೆಮನೆಯಿಂದ ಅತ್ತೆ ಸೌಟು ಹಿಡಿದುಕೊಂಡೇ ಬಂದರು. ಮಗಳಿಗೂ ಗೊತ್ತಿರಲಿಲ್ಲ!

"ನಿಮ್ಮಪ್ಪ ಸೂಟ್ ಹಾಕ್ಕೊಂಡು, ಇಲ್ಲಿನ ಪ್ರಜೆಯಾಗೋಣ ಬಾ ಅಂತ ಕರೆದ" ಅಂದರು ಅಜ್ಜಿ ಮಗಳಿಗೆ, ಬೀನ್ಸ್ ಬಿಡದೆ. "ಹಳೇ ದೇಶ ಬಿಟ್ಟೆ ಅಂತ ಕೈಯೆತ್ತಿ ಹೇಳಬೇಕಂತೆ. ನಮ್ಮಮ್ಮ ಇನ್ನೂ ಅಲ್ಲಿದ್ದಳು. ಬಿಟ್ಟೆ ಅಂತ ನಾನ್ಯಾಕೆ ಹೇಳಲಿ? ನೀನು ಹೋಗಿ ಬಾ, ಬರೋ ಹೊತ್ತಿಗೆ ಊಟ ಮಾಡಿಟ್ಟಿರ್ತೀನಿ ಅಂದೆ. ಇವತ್ತಿಗೂ ನನ್ನ ಹತ್ತಿರ ಇರೋದು ಗ್ರೀನ್ ಕಾರ್ಡೇ. ದಿವಾಕರ್, ನಿನ್ನ ಹತ್ತಿರ ಇದೆಯಲ್ಲ, ಅದೇ."

"ಇಷ್ಟು ದಿನ ಯಾಕೆ ಹೇಳಲಿಲ್ಲ ಅಜ್ಜಿ?"

"ನೀನು ಕೇಳಿದ್ದೆಲ್ಲ ನನ್ನ ಗಂಡನ ವಿಷಯ. ನನ್ನ ವಿಷಯ ಯಾವತ್ತು ಕೇಳಿದೆ?"

ಯಾರಿಗಾಗಿ ನಾನು ಎರಡು ಊರು, ಎರಡು ಖಂಡ ಜಾಲಾಡಿದೆನೋ ಆ ಇಟಲಿ ಪ್ರಜೆ, ಇಷ್ಟು ಕಾಲ ನನ್ನೆದುರಿಗೇ ಕೂತು ನನಗೆ ಪಾಸ್ತಾ ಬಡಿಸುತ್ತಿದ್ದರು! ಜೂಲಿಯಾ ಅಜ್ಜಿಯನ್ನು ತಬ್ಬಿಕೊಂಡಳು. ಬೀನ್ಸ್ ಎಲ್ಲ ನೆಲದ ಪಾಲಾಯಿತು. ನನ್ನ ಎದೆ ಉಬ್ಬಿತು. ನನ್ನ ಸಾಧನೆ ಏನೂ ಇರಲಿಲ್ಲ, ಆದರೂ ಉಬ್ಬಿತು. ಇಂಥ ಹೆಂಗಸಿನ ಮೊಮ್ಮಗಳನ್ನಲ್ಲವೇ ನಾನು ಮದುವೆಯಾದದ್ದು!

ಇಟಲಿಯ ತಾಯಿ ಪೌರತ್ವ ದಾಟಿಸಬಹುದಾದದ್ದು 1948ರಿಂದ ಈಚೆಗೆ ಹುಟ್ಟಿದ ಮಕ್ಕಳಿಗೆ ಮಾತ್ರ. ಅತ್ತೆ ಹುಟ್ಟಿದ್ದು ಅದರ ಮರುವರ್ಷ. ಗಡಿ ಗೆದ್ದೆವು.

ಸ್ಯಾನ್‌ಫ್ರಾನ್ಸಿಸ್ಕೋದ ಕಾನ್ಸುಲೇಟಿಗೆ ಎಲ್ಲರೂ ಹೋದೆವು. "ಇಂಗ್ಲಿಷ್‌ನಲ್ಲೇ ಮಾತಾಡು" ಅಂತ ಜೂಲಿಯಾ ಕೈಮುಗಿದಳು. ಸಿಡಿಯಲ್ಲಿ ಕಲಿತವನು ಕೇಳುತ್ತಾನೆಯೇ? ಕಿಟಕಿಯಾಚೆಯ ಅಧಿಕಾರಿಣಿಗೆ ಅತ್ತೆಯನ್ನು ತೋರಿಸಿ, ಶುದ್ಧ ಇಟಾಲಿಯನ್‌ನಲ್ಲಿ ಪರಿಚಯಿಸಿದೆ. ಆ ಭಾಷೆಯಲ್ಲಿ ಸ್ವೋಚೆರಾ ಅಂದರೆ ಅತ್ತೆ. ಸ್ವೋರಾ ಅಂದರೆ ಚರ್ಚಿನ ಸನ್ಯಾಸಿನಿ. ನಾನು ಹೇಳಿದ್ದು ಎರಡನೆಯದು.

"ಇವರು ನಮ್ಮ ಸನ್ಯಾಸಿನಿ. ಇವರಿಗೆ ಇಬ್ಬರು ಹೆಣ್ಣುಮಕ್ಕಳು. ಒಬ್ಬಳನ್ನು ನಾನು ಮದುವೆಯಾಗಿದ್ದೇನೆ!"

ಅಧಿಕಾರಿಣಿಯ ಪೆನ್ನು ನಿಂತಿತು. ಅಜ್ಜಿ ಗೋಡೆ ಹಿಡಿದುಕೊಂಡು ನಕ್ಕರು. ಆಮೇಲೆ ನನ್ನನ್ನು ಪಕ್ಕಕ್ಕೆ ಸರಿಸಿ, ಅವರೇ ಕಿಟಕಿಯ ಮುಂದೆ ನಿಂತು ಮಾತಾಡಿದರು. ತಮ್ಮ ಹೆಸರು, ಮಗಳ ಹೆಸರು, ಮೊಮ್ಮಗಳ ಹೆಸರು ಒಂದೊಂದಾಗಿ ಹೇಳುವಾಗ ಆ ಪುಟ್ಟ ಮುದುಕಿಯ ಬೆನ್ನು ನೆಟ್ಟಗಾಗಿತ್ತು. ಸಿಡಿಯಲ್ಲಿ ಎಲ್ಲೂ ಇರದ ಇಟಾಲಿಯನ್ ಅದು.

ಅತ್ತೆಗೂ ಜೂಲಿಯಾಗೂ ಪೌರತ್ವ ಬಂತು. ತೋಟದವರು ಮುಂದಿನ ಕೊಯ್ಲಿಗೆ ಬಾ ಅಂದರು. ಅವಳನ್ನು ಬಿಟ್ಟು ಬರಲು ನಾವೆಲ್ಲ ಹೊರಟೆವು. ರೋಮ್ ವಿಮಾನ ನಿಲ್ದಾಣದಲ್ಲಿ ಅಜ್ಜಿ, ಮಗಳು, ಮೊಮ್ಮಗಳು ಮೂವರೂ ಪಾಸ್‌ಪೋರ್ಟ್ ತೋರಿಸಿ ಮನೆಯ ಹೊಸಿಲು ದಾಟಿದ ಹಾಗೆ ದಾಟಿದರು. ಭಾರತದ ಪಾಸ್‌ಪೋರ್ಟಿನ ನಾನು ವೀಸಾ ಹಿಡಿದು ಹನುಮಂತನ ಬಾಲದಂಥ ಕ್ಯೂನಲ್ಲಿ ನಿಂತೆ.

ಕೊನೆಗೂ ನನ್ನ ಸರದಿ ಬಂತು.

"ಒಬ್ಬರೇ ಬಂದಿದ್ದೀರಾ?" ಅಂತ ಅಧಿಕಾರಿ ಕೇಳಿದ.

"ಒಬ್ಬನೇ? ಮೂವರು ಇಟಲಿ ಪ್ರಜೆಗಳ ಜೊತೆ ಬಂದಿದ್ದೇನೆ ಸ್ವಾಮೀ! ಪೌರತ್ವದ ಕೆಲಸವನ್ನೆಲ್ಲ ಮುಂದೆ ನಿಂತು ಮಾಡಿಸಿದವನೇ ನಾನು. ನೋಡಿ, ಅಲ್ಲಿ ನನಗಾಗಿ ಕಾಯ್ತಿದ್ದಾರೆ!" ಅಂತ ಹೆಮ್ಮೆಯಿಂದ ಗಾಜಿನಾಚೆ ಕೈ ತೋರಿಸಿದೆ.

ಅವನು ಕತ್ತು ತಿರುಗಿಸಿ ನೋಡಿದ. ನಾನೂ ನೋಡಿದೆ.

ಅಲ್ಲಿ ಯಾರೂ ಇರಲಿಲ್ಲ. ಕಾಫಿ ಕುಡಿಯೋಕೆ ಹೋಗಿದ್ದರು!