ಟವೆಲ್ಲಿನೊಳಗಿನ ಮನೆ

ಮಸ್ಕತ್ತಿನಲ್ಲಿ ನಾನು ಕ್ರೇನ್ ನಡೆಸುತ್ತಿದ್ದೆ. ಆನೆ ತೂಕದ ಕಬ್ಬಿಣದ ತೊಲೆಯನ್ನು ಆಕಾಶಕ್ಕೆತ್ತಿ, ಕೆಳಗೆ ನಿಂತ ಎಂಜಿನಿಯರನ ಟೋಪಿಗೆ ಗಾಳಿಯೂ ಸೋಕದಂತೆ ಇಳಿಸಬಲ್ಲ ಮಹಾಪುರುಷ ನಾನು. ಆದರೆ ಬಸವನ ಬಾಗೇವಾಡಿಯ ಒಬ್ಬೇ ಒಬ್ಬ ದಲಾಲನನ್ನು ಕೂತ ಜಾಗದಿಂದ ಒಂದಿಂಚು ಸರಿಸಲು ನನ್ನಿಂದ ಆಗಲಿಲ್ಲ. ಸಮುದ್ರದಾಚೆ ಕುಳಿತು ಊರಲ್ಲಿ ಮನೆ ಹುಡುಕುವ ಫಜೀತಿ ವೈರಿಗೂ ಬೇಡ ಎಂದು ಜನ ಹೇಳುತ್ತಾರೆ. ನಾನು ಹಾಗನ್ನುವವನಲ್ಲ. ನನಗೆ ವೈರಿಗಳು ಸಾಕಷ್ಟಿದ್ದಾರೆ. ಅವರಿಗೆಲ್ಲ ಅವಶ್ಯವಾಗಿ ಬರಲಿ.

ನನ್ನ ಹೆಂಡತಿ ಬಾಳಮ್ಮ ಮತ್ತು ಮಗಳು ಐಶ್ವರ್ಯ ಆಗ ಇಂಡಿ ಪಟ್ಟಣದಲ್ಲಿ ಬಾಡಿಗೆ ಮನೆಯಲ್ಲಿದ್ದರು. ಆ ಮನೆಯ ಮಾಲೀಕ ಮಗನ ಮದುವೆ ಗೊತ್ತು ಮಾಡಿದವನೇ, “ಯುಗಾದಿಯೊಳಗ ಖಾಲಿ ಮಾಡ್ರಿ, ಸೊಸಿ ಬರ್ತಾಳ” ಎಂದುಬಿಟ್ಟ. ಬಾಡಿಗೆ ಮನೆಗಳನ್ನು ಬದಲಿಸಿ ಬದಲಿಸಿ ಬಾಳಮ್ಮನಿಗೆ ಸಾಕಾಗಿತ್ತು.

“ಈ ಸಲ ಗಂಟು ಕಟ್ಟಿದ್ರ ಸ್ವಂತ ಮನ್ಯಾಗ ಬಿಚ್ಚೂದ್ರಿ. ಇಲ್ಲಂದ್ರ ನಮ್ಮವ್ವನ ಮನ್ಯಾಗ ಬಿಚ್ಚತೇನಿ, ಆಮ್ಯಾಲ ಕಟ್ಟೂದಿಲ್ಲ” ಎಂದು ಫೋನಿನಲ್ಲಿ ಸಾರಿದಳು.

ಆಕೆಯ ತವರು ಇಂಗಳೇಶ್ವರ, ನನ್ನೂರು ಮಸೂತಿ. ಎರಡಕ್ಕೂ ಬಾಗೇವಾಡಿ ಹತ್ತಿರ, ಮನೆ ಅಲ್ಲೇ ಆಗಲಿ ಎಂದು ಇಬ್ಬರೂ ಒಪ್ಪಿದೆವು. (ಲಗ್ನವಾದ ಮೇಲೆ ನಾವು ಜಗಳವಿಲ್ಲದೆ ಒಪ್ಪಿದ ಮೊದಲ ವಿಷಯ ಇದು. ಎರಡನೆಯದು ಇನ್ನೂ ಬಂದಿಲ್ಲ.)

“ಹಂಗಾರ ನಾ ಹೋಗಿ ಒಂದೆರಡು ಮನಿ ನೋಡಿ ಬರ್ಲೇನ್ರಿ?”

“ನೀ ಸುಮ್ಮನ ಕುಂದ್ರು! ಮನಿ ಕೊಳ್ಳೂದಂದ್ರ ಸಂತ್ಯಾಗ ಬದನಿಕಾಯಿ ಆರಿಸಿದಂಗಲ್ಲ. ಮಸ್ಕತ್ ಪಾರ್ಟಿ ಅಂತ ಗೊತ್ತಾದ್ರ ದರ ಮುಗಲಿಗೆ ಏರತೈತಿ. ನಾ ಇಲ್ಲಿಂದ್ಲೇ ಗುಪ್ತವಾಗಿ ಮುಗಸ್ತೇನಿ.”

‘ಗುಪ್ತವಾಗಿ’ ಎಂಬ ಮಾತನ್ನು ನಾನು ಹೇಳಿದ ದನಿಗೆ, ಮಸ್ಕತ್ತಿನ ಫೋನ್ ಬೂತಿನ ಹೊರಗೆ ಪಾಳಿ ಹಚ್ಚಿ ನಿಂತಿದ್ದ ಕೇರಳದವರು, ಪಾಕಿಸ್ತಾನದವರು ಎಲ್ಲರೂ ತಿರುಗಿ ನೋಡಿದರು.

ಮೊದಲನೆಯ ದಲಾಲ ಅನೀಲಕುಮಾರ, ಹೊಸ ತಲೆಮಾರಿನವ. “ಸರ್, ಮನಿ ಬಸ್‌ಸ್ಟ್ಯಾಂಡಿಗೆ ಭಾಳ ಸಮೀಪ ಐತ್ರಿ” ಎಂದ.

“ಯಾವ ಬಾಜೂಕ?”

“ಮಸೂತಿ ರಸ್ತೆಕ್ರಿ. ಹಳ್ಳ ದಾಟಿ, ಇಟ್ಟಂಗಿ ಭಟ್ಟಿ ದಾಟಿ, ಅಲ್ಲಿಂದ ಸ್ವಲ್ಪ...”

“ಏ ತಮ್ಮಾ, ಅಲ್ಲಿಂದ ಸ್ವಲ್ಪ ಹೋದ್ರ ನಾ ಹುಟ್ಟಿದ ಮನೀನ ಬರ್ತೈತಿ! ಯಾವ ಊರಿನ ಬಸ್‌ಸ್ಟ್ಯಾಂಡಿಗೆ ಸಮೀಪಲೇ ಅದು?”

ಮುಂದೆ ನಾನು ಅವನ ವಂಶಾವಳಿಯ ಬಗ್ಗೆ ಕೆಲವು ಸಂಶೋಧನೆಗಳನ್ನು ಮಂಡಿಸಿದೆ. ಅವನು ಫೋನ್ ಇಟ್ಟ. ಎರಡನೆಯವನು ಏನು ಕೇಳಿದರೂ “ಒಮ್ಮಿ ಬಂದು ನೋಡ್ರೆಲಾ” ಎನ್ನುತ್ತಿದ್ದ. “ಹ್ಯಾಂಗ ಬರ್ಲಿ, ಅರಬ್ಬಿ ಸಮುದ್ರದಾಗ ಈಸ್ಕೊಂತ ಬರ್ಲಿ?” ಎಂದೆ. ಅವನೂ ಇಟ್ಟ. ಮೂರನೆಯವನು ನಾನು ‘ಹಲೋ’ ಅಂದ ಕೂಡಲೇ ಇಟ್ಟುಬಿಟ್ಟ. ನನ್ನ ಕೀರ್ತಿ ನನಗಿಂತ ಮೊದಲೇ ಊರು ಮುಟ್ಟಿತ್ತು.

ಕೊನೆಗೆ ಸಿಕ್ಕವನು ದಸ್ತಗೀರಸಾಬ. ದನದ ಸಂತೆಯಲ್ಲಿ ಎತ್ತಿನ ದಲಾಲಿ ಮಾಡಿ ತಲೆ ಹಣ್ಣಾದವನು, ಈಚೆಗೆ ಮನೆಗಳಿಗೂ ಕೈ ಹಾಕಿದ್ದ. ಎತ್ತುಗಳಿಂದ ಒದೆಸಿಕೊಂಡು ಅಭ್ಯಾಸವಿದ್ದುದರಿಂದ ನನ್ನ ಬೈಗುಳಕ್ಕೆ ಅವನು ಬೆದರಲಿಲ್ಲ. ಶುಕ್ರವಾರ ನನಗೆ ರಜೆ. ಪ್ರತಿ ವಾರ ಅಂದು ಅವನು ನಮಾಜು ಮುಗಿಸಿ ಬಾಗೇವಾಡಿಯ ಯುನೂಸನ ಎಸ್‌ಟಿಡಿ ಬೂತಿನಲ್ಲಿ ಕಾಯುವುದು, ನಾನು ಇಲ್ಲಿಂದ ಫೋನ್ ಮಾಡುವುದು ಎಂದು ಗೊತ್ತಾಯಿತು. ನಾನು ಯಾರೆಂದು ಯಾರಿಗೂ ಹೇಳಕೂಡದು, ‘ಮಸೂತಿಯ ಒಬ್ಬ ಮಾಸ್ತರ’ ಎನ್ನಬೇಕು ಎಂದು ತಾಕೀತು ಮಾಡಿದೆ. (ನಾಲ್ಕನೇ ಇಯತ್ತೆಯಲ್ಲಿ ಪಾಟಿಯನ್ನು ಮಾಸ್ತರರ ಎದುರೇ ಒಡೆದು ಸಾಲೆ ಬಿಟ್ಟವನು ಹೀಗೆ ಫೋನಿನಲ್ಲಿ ಮಾಸ್ತರನಾದೆ.)

“ಒಂದು ಮನಿ ಐತ್ರಿ ಮಾಸ್ತರ” ಎಂದು ದಸ್ತಗೀರಸಾಬ ಶುರು ಮಾಡಿದ. “ಟೇಲರ್ ಮಶಾಕಸಾಬಂದು. ಅಂವ ಮುದ್ದೇಬಿಹಾಳಕ್ಕ ಮಗಳ ಬಲ್ಲಿ ಹೊಂಟಾನ. ಮನಿ ಹ್ಯಾಂಗೈತಿ ಅಂತೀರಿ? ಎದಿ ಅಗಲ, ಬೆನ್ನು ಗಟ್ಟಿ, ಕಾಲು ನೆಟ್ಟಗ. ಮೂಡಲಕ್ಕ ಮಾರಿ. ಸುಳಿ ಶುದ್ಧ ಅದಾವ, ಒಂದೂ ಖೋಡಿ ಇಲ್ಲ.”

“ಏ ಸಾಬಾ, ಮನಿಗೆ ಎಲ್ಲಿ ಸುಳಿಯೋ? ಮಾಳಗಿ ಸೋರತೈತೇನು, ಅದನ್ನ ಹೇಳು!”

“ಜೊಲ್ಲು ಸುರಸೂದಿಲ್ರಿ. ಬಾಗಿಲದಾಗ ಬೇವಿನ ಗಿಡ ಐತ್ರಿ, ನೆರಳಿಗೆ ಕಟ್ಟಬಹುದು.”

“ಯಾರನ್ನ?”

“ಅಲ್ರಿ... ಕುಂದ್ರಬಹುದು.”

ಮನೆ ನನ್ನ ಮನಸ್ಸಿಗೆ ಬಂತು. ದರ ಕೇಳಿದೆ. ಅವನು ಮತ್ತೆ ಬೇವಿನ ನೆರಳಿಗೇ ಹೋದ.

“ಹಲೋ! ದರ ಏನು?”

“ಅದೆಲ್ಲಾ ಬಾಯಿಲೆ ಹೇಳೂದಲ್ರಿ” ಎಂದು ಪಿಸುಗುಟ್ಟಿದ. “ಇಲ್ಲಿ ಬೂತಿನ್ಯಾಗ ಮಂದಿ ನಿಂತಾರ.”

ನಮ್ಮ ಕಡೆಯ ದನದ ಸಂತೆ ನೋಡಿದವರಿಗೆ ಇದು ಗೊತ್ತಿರುತ್ತದೆ. ದರವನ್ನು ಅಲ್ಲಿ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಕೈಗಳ ಮೇಲೆ ಟವೆಲು ಹೊದಿಸಿ, ಒಳಗೆ ದರಕ್ಕೆ ತಕ್ಕಷ್ಟು ಬೆರಳು ಹಿಡಿದು ಒತ್ತುತ್ತಾರೆ. ಹೊರಗೆ ಇಬ್ಬರೂ ಮಳೆ ಬೆಳೆ ಮಾತಾಡುತ್ತಿರುತ್ತಾರೆ, ಒಳಗೆ ಬೆರಳುಗಳು ಕುಸ್ತಿ ಆಡುತ್ತಿರುತ್ತವೆ. ಆಯುಷ್ಯವೆಲ್ಲ ಹಾಗೆ ವ್ಯಾಪಾರ ಮಾಡಿದ ದಸ್ತಗೀರಸಾಬ, ನಡುವೆ ಸಮುದ್ರ ಬಂತೆಂದು ಪದ್ಧತಿ ಬಿಡುವವನಾಗಿರಲಿಲ್ಲ.

“ಲೇ, ನನ್ನ ಕೈ ಮಸ್ಕತ್ತಿನ್ಯಾಗ ಐತಿ! ನಿನ್ನ ಟವೆಲು ಬಾಗೇವಾಡ್ಯಾಗ ಐತಿ!”

“ಅದಕ್ಕ ಯುಕ್ತಿ ಮಾಡೇನ್ರಿ. ಫೋನಿನ ಮ್ಯಾಲ ಬಡೀತೇನಿ, ನೀವು ಎಣಸ್ರಿ. ಒಂದು ಬಡತ ಅಂದ್ರ ಒಂದು ಬೆರಳು.”

ಟಕ್, ಟಕ್, ಟಕ್. ನಾನು ಎಣಿಸಿದೆ. ಆದರೆ ಆ ಕಾಲದ ಲೈನು ಸುಮ್ಮನಿರುತ್ತಿತ್ತೇ? ನಡುವೆ ಕಟಕಟ, ಕೊರಕೊರ. ಯಾವುದು ದಸ್ತಗೀರಸಾಬನ ಬೆರಳು, ಯಾವುದು ಟೆಲಿಫೋನ್ ಇಲಾಖೆಯ ಬೆರಳು, ತಿಳಿಯುತ್ತಿರಲಿಲ್ಲ. ಬಾಗೇವಾಡಿಯಲ್ಲಿ ಗಾಳಿ ಬೀಸಿದರೆ ಮಸ್ಕತ್ತಿನಲ್ಲಿ ನನ್ನ ಮನೆಯ ದರ ಏರುತ್ತಿತ್ತು. ಒಮ್ಮೆಯಂತೂ ಯುನೂಸ ಅದೇ ಟೇಬಲ್ಲಿನ ಮೇಲೆ ಮೊಳೆ ಹೊಡೆಯಲು ನಿಂತ. ಆ ದರಕ್ಕೆ ಗೋಳಗುಮ್ಮಟವೇ ಬರುತ್ತಿತ್ತು.

ಹಾಗೂ ಹೀಗೂ ಸೌದಾ ಕುದುರುತ್ತ ಬಂತು ಅನ್ನುವಾಗ, “ಒಂದು ತೊಡಕ ಬಂದೈತ್ರಿ” ಎಂದ ದಸ್ತಗೀರಸಾಬ. “ಇನ್ನೊಬ್ರು ಗಂಟು ಬಿದ್ದಾರ. ಇಂಗಳೇಶ್ವರದ ಕಡೆ ಹೆಣ್ಣಮಗಳು. ಪಾಪ, ಗಂಡ ಸತ್ತಾನಂತ. ಆಕಿ ಪರವಾಗಿ ಕುರಿ ದಲಾಲ ಅಮಸಿದ್ದ ಬರ್ತಾನ. ನಾವು ಒಂದು ಬೆರಳು ಏರಿಸಿದ್ರ ಅಂವ ಎರಡು ಏರಸ್ತಾನ.”

ನನ್ನ ನೆತ್ತಿಗೆ ಬೆಂಕಿ ಹತ್ತಿತು. “ಆಕಿಗೆ ಹೇಳು, ಹೆಣ್ಣಮಗಳು ಅಂತ ಸುಮ್ಮಿದ್ದೇನಿ. ನಮ್ಮಪ್ಪನ ಪಟಗಾದಾಣಿ, ಆ ಮನಿ ಬಿಡೂದಿಲ್ಲ!” (ಪಟಗಾ ಎಂದರೆ ರುಮಾಲು. ಅಪ್ಪ ಬಿಟ್ಟುಹೋದ ಆಸ್ತಿ ಅದೊಂದೇ. ಆಣೆಗೆಲ್ಲ ಅದನ್ನೇ ಬಳಸುತ್ತೇನೆ.)

ದಸ್ತಗೀರಸಾಬ ಅಮಸಿದ್ದನಿಗೆ ಹೇಳಿದ, ಅಮಸಿದ್ದ ಆಕೆಗೆ ಹೇಳಿದ. ಮುಂದಿನ ಶುಕ್ರವಾರ ಅದೇ ದಾರಿಯಲ್ಲಿ ಉತ್ತರ ಬಂತು.

“ಹೇಳ್ಯಾಳ್ರಿ: ‘ಮಾಸ್ತರ ತನ್ನಪ್ಪನ ಪಟಗಾದಾಗನ ಸಂಸಾರ ಹೂಡ್ಲಿ. ಅಲ್ಲಿ ಬಾಡಿಗಿನೂ ಇಲ್ಲ.’”

“ಏನಂದ್ಳು! ಇಂಥಾಕಿ ಜೋಡಿ ಬಾಳೇ ಮಾಡಿದ ಆ ಪುಣ್ಯಾತ್ಮ ಯಾಂವಪಾ? ಸತ್ತು ಸುಖಪಟ್ಟ ಅಂತ ಹೇಳು!”

ಅದರ ಮುಂದಿನ ಶುಕ್ರವಾರ: “ಹೇಳ್ಯಾಳ್ರಿ: ‘ಈ ಮಾಸ್ತರನ ಹೇಣ್ತಿ ಭಾಳ ಸಹನಾವಂತಿ ಇರಬೇಕು. ಆ ತಾಯಿಗೆ ನನ್ನ ಶರಣು ತಿಳಸ್ರಿ.’”

ಅಂದು ಸಿಟ್ಟಿನಲ್ಲಿ ಹೆಂಡತಿಗೂ ಫೋನ್ ಮಾಡಿದೆ. ಪಕ್ಕದ ಮನೆಯವರು ಆಕೆಯನ್ನು ಕರೆದರು.

“ಏನಾತ್ರಿ ಮನಿ?”

“ಆಗ್ತಿತ್ತು, ಮಶಾಕಸಾಬನ ಮನಿ. ನಡುವ ಒಬ್ಬಾಕಿ ಬಜಾರಿ ಅಡ್ಡ ಬಂದಾಳ. ಇಂಗಳೇಶ್ವರದಾಕಿ, ಗಂಡ ಸತ್ತಾಕಿ. ಅಮಸಿದ್ದ ಅಂತ ಒಬ್ಬ ಕುರಿ ದಲಾಲನ್ನ ಛೂ ಬಿಟ್ಟಾಳ. ಹ್ಞಾ, ನಿನಗ ಶರಣು ಹೇಳ್ಯಾಳ ನೋಡು!”

ಆ ಕಡೆ ಮೌನ. ಸಣ್ಣ ಪುಟ್ಟ ಮೌನವಲ್ಲ, ಮಸ್ಕತ್ತಿನ ಫೋನ್ ಕಾರ್ಡು ಕರಗುವಂಥ ಮೌನ.

“ಹಲೋ! ಕೇಳಾಕತ್ತೈತೇನು?”

“ಹ್ಞೂಂ... ಗಂಡ ಸತ್ತಾನಂತೇನ್ರಿ ಆಕಿಗೆ?”

“ಸತ್ತಾನ. ಸತ್ತದ್ದ ಚಲೋ ಆತು.”

“ಬಿಡ್ತು ಅನ್ರಿ! ಹಂಗ ಅನಬಾರ್ದು! ಮೊದಲ ಬಾಯಿ ತೊಳಕೋರಿ!”

ಗುರುತು ಪರಿಚಯವಿಲ್ಲದವನ ಮೇಲೆ ಈಕೆಗೆಷ್ಟು ಕನಿಕರ ಎಂದುಕೊಂಡೆ. ಫೋನಿಟ್ಟು ಬಾಯಿಯನ್ನೇನೂ ತೊಳೆಯಲಿಲ್ಲ.

ಯುಗಾದಿ ಹತ್ತಿರ ಬಂತು. ಇಂಡಿಯ ಮಾಲೀಕ ಹೊಸ ಸೊಸೆಯ ಕಪಾಟನ್ನು ತಂದು ನಮ್ಮ ಪಡಸಾಲೆಯಲ್ಲೇ ನಿಲ್ಲಿಸಿದ್ದನಂತೆ. ಸೊಸೆ ಒಳಗೆ, ನನ್ನ ಹೆಂಡತಿ ಮಗಳು ಹೊರಗೆ, ಪಾತ್ರೆಯ ಗಂಟು ಬೀದಿಯಲ್ಲಿ. ಕ್ರೇನಿನ ಮೇಲೆ ಕುಳಿತರೂ ಕಣ್ಣ ಮುಂದೆ ಅದೇ. ಬಾಳಮ್ಮ ಗಂಟನ್ನು ತವರಲ್ಲಿ ಬಿಚ್ಚಿದರೆ ಮತ್ತೆ ಕಟ್ಟಿಸುವ ತಾಕತ್ತು ನನ್ನ ಕ್ರೇನಿಗೂ ಇಲ್ಲವೆಂದು ನನಗೆ ಗೊತ್ತಿತ್ತು.

ಆ ಶುಕ್ರವಾರ ದಸ್ತಗೀರಸಾಬನ ದನಿ ಬೇರೆಯಾಗಿತ್ತು. “ಮಾಸ್ತರ, ಆಕಿ ಹಿಂದ ಸರೀತಾಳಂತ್ರಿ. ಆದ್ರ ಒಂದು ಷರತ್ತು ಐತಿ. ನೀವು ಆಕಿಗೆ ಅಂದದ್ದಕ್ಕೆಲ್ಲಾ ‘ತಪ್ಪಾತ್ರಿ ಅವ್ವಾರ, ಇನ್ನ ಒದರೂದಿಲ್ಲ’ ಅನಬೇಕಂತ. ಅದೂ ಮೆತ್ತಗ.”

“ನಾನು? ಮೆತ್ತಗ? ನಮ್ಮಪ್ಪನ ಪಟಗಾದ...”

“ಇಲ್ಲಂದ್ರ ನಾಳೆ ಸಂಚಕಾರದ ರೊಕ್ಕ ಮುಂಗಡ ಕೊಟ್ಟು ಮನಿ ಹಿಡೀತಾಳಂತ್ರಿ.”

ಬೂತಿನ ಗಾಜಿನ ಮೇಲೆ ಹಣೆ ಆನಿಸಿ ನಿಂತೆ. ಆಮೇಲೆ, ಎತ್ತರದಿಂದ ತೊಲೆ ಇಳಿಸುವಾಗಿನ ನಿಧಾನದಲ್ಲಿ, ಎಲ್ಲೂ ತಾಗದಂತೆ, ಆ ಮಾತನ್ನು ಗಂಟಲಿನಿಂದ ಇಳಿಸಿದೆ: “ತಪ್ಪಾತ್ರಿ... ಅವ್ವಾರ. ಇನ್ನ... ಒದರೂದಿಲ್ಲ.”

“ಇನ್ನೊಮ್ಮಿ ಅನ್ರಿ ಮಾಸ್ತರ. ರಾಗಾನೂ ಹಂಗs ಮುಟ್ಟಸಬೇಕಂತ.”

ಇನ್ನೊಮ್ಮೆ ಅಂದೆ!

ಆಕೆ ಮಾತಿಗೆ ತಪ್ಪಲಿಲ್ಲ, ಸರಿದಳು. ಗಿರಾಕಿ ಒಬ್ಬನೇ ಉಳಿದನೆಂದು ಮಶಾಕಸಾಬನ ಬೆರಳುಗಳೂ ಇಳಿದವು. ನಾನು ಕಳಿಸಿದ ದುಡ್ಡೆಲ್ಲ ಬ್ಯಾಂಕಿನಲ್ಲಿ ಬಾಳಮ್ಮನ ಹೆಸರಿನಲ್ಲೇ ಇದ್ದುದರಿಂದ ಆಕೆಯೇ ಹೋಗಿ ಕಾಗದಪತ್ರ ಮುಗಿಸಿದಳು. ಯುಗಾದಿಗೆ ಮೊದಲೇ ಗಂಟು ಸ್ವಂತ ಮನೆಯಲ್ಲಿ ಬಿಚ್ಚಿತು. ಅಂದು ಕ್ಯಾಂಪಿನಲ್ಲಿ ನಾನು ಗೊರಕೆ ಹೊಡೆದ ರೀತಿಗೆ, ಜನರೇಟರ್ ಯಾಕೆ ಶುರುವಾಯಿತೆಂದು ವಾಚಮನ್ ಬಂದು ನೋಡಿದನಂತೆ.

ರಜೆ ಪಡೆದು ಗೃಹಪ್ರವೇಶಕ್ಕೆ ಬಂದೆ. ಮನೆ ದಸ್ತಗೀರಸಾಬ ಹೇಳಿದಂತೆಯೇ ಇತ್ತು: ಎದೆ ಅಗಲ, ಬೆನ್ನು ಗಟ್ಟಿ. ಬೇವಿನ ಗಿಡದ ಕೆಳಗೆ ಪಂಗ್ತಿ ಕುಳಿತಿತ್ತು. ದಸ್ತಗೀರಸಾಬನ ಬಾಜೂಕ್ಕೆ ಕಂಬಳಿ ಹೆಗಲಿನ ಒಬ್ಬ ಅಪರಿಚಿತ ಹೋಳಿಗೆಯ ಮೇಲೆ ತುಪ್ಪ ಸುರಿಸಿಕೊಳ್ಳುತ್ತಿದ್ದ. ನಾನು ಯಜಮಾನನ ಗತ್ತಿನಿಂದ ಹತ್ತಿರ ಹೋದೆ.

“ಅವ್ವಾರ, ಇವರು ಯಾರ್ರಿ?” ಎಂದು ಆತ ಬಾಳಮ್ಮನನ್ನು ಕೇಳಿದ.

“ನಮ್ಮ ಮನಿಯವರು, ಅಮಸಿದ್ದಣ್ಣ. ಮಸ್ಕತ್ತಿನಿಂದ ಬಂದಾರ.”

ಆತನ ಕೈಯ ಹೋಳಿಗೆ ಎಲೆಗೆ ಬಿತ್ತು. “ಯಪ್ಪಾ! ನಾ ಸಾಯಿಸಿದ್ದು ಇವರ್ನೇನ್ರಿ? ತಪ್ಪು ತಿಳೀಬ್ಯಾಡ್ರಿ ಸಾವಕಾರ್ರ. ಹೆಣ್ಣಮಗಳು ಒಬ್ಬಾಕಿ ಅಂದ್ರ ಮಾಲಕನ ಮನಸು ಕರಗತೈತಿ ಅಂತ, ಅವ್ವಾರಿಗೂ ಹೇಳದನ, ಸುಮ್ಮನ ಒಂದು ಮಾತು... ನಿಮ್ಮ ಮಾರಿ ನೋಡಿದ್ದಿಲ್ಲಲ್ರಿ!”

“ಏ ಅಮಸಿದ್ದಾ, ಇವರು ನಮ್ಮ ಮಾಸ್ತರಲೇ!” ಎಂದ ದಸ್ತಗೀರಸಾಬ. “ಮಾಸ್ತರ? ಅವ್ವಾರು ಮಾಸ್ತರನ ಬಲ್ಲಿಂದ ಮನಿ ತಿರುಗಿ ಕೊಂಡಾರಂತ ನಾ ತಿಳದಿದ್ನಿ!” ಎಂದ ಅಮಸಿದ್ದ.

ದಲಾಲರಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು. ಆಮೇಲೆ ಇಬ್ಬರೂ ನನ್ನ ಮುಖ ನೋಡಿದರು. ನಾನು ಹೆಂಡತಿಯ ಮುಖ ನೋಡಿದೆ. ಆಕೆ ಮಾತ್ರ ತುಪ್ಪದ ಗಿಂಡಿಯನ್ನೇ ನೋಡುತ್ತಿದ್ದಳು.

“ನೀನs?” ಎಂದೆ.

“ಮತ್ತೇನು ಮಾಡಬೇಕ್ರಿ? ನೀವು ಊರಾನ ದಲಾಲರನ್ನೆಲ್ಲಾ ಬೈದು ಓಡಿಸಿದ್ರಿ ಅಂತ ನನ್ನ ಕಿವಿಗೂ ಬಿತ್ತು. ಬೀದ್ಯಾಗ ನಿಲ್ಲೂ ಹೊತ್ತು ಬಂದಿತ್ತು. ಪಟಗಾದ ಮಾತು ಬಂದಾಗನ ಸಂಶೆ ಬಂದಿತ್ತು. ನೀವು ಫೋನ್ ಮಾಡಿದಾಗ ಖಾತ್ರಿ ಆತು.”

“ಅವತ್ತs ಹೇಳಬಾರ್ದಿತ್ತೇನು!”

“ಹೇಳಿದ್ರ ಇವರಿಬ್ಬರನ್ನೂ ಬೈದು ಓಡಸ್ತಿದ್ರಿ. ಮನಿ ಹೋಗ್ತಿತ್ತು.” ಸ್ವಲ್ಪ ತಡೆದು, ತುಸುವೇ ನಕ್ಕು ಸೇರಿಸಿದಳು: “ಮತ್ತ, ಆ ‘ತಪ್ಪಾತ್ರಿ ಅವ್ವಾರ’ ಅಮಸಿದ್ದಣ್ಣ ರಾಗ ಸಹಿತ ಮುಟ್ಟಿಸ್ಯಾನ್ರಿ.”

ಬ್ಯಾಂಕಿನ ಒಂದೇ ಖಾತೆಯ ದುಡ್ಡಿಗೆ ಎರಡು ಕೈ ಹಚ್ಚಿ, ನಮ್ಮ ಮನೆಯ ದರವನ್ನು ನಾವೇ ಏರಿಸಿಕೊಂಡಿದ್ದೆವು. ಬಾಯಿ ತೆರೆದೆ. ಎಲ್ಲ ಬೈಗುಳಗಳೂ ಗಂಟಲ ಬಾಗಿಲಿಗೆ ಬಂದು ನಿಂತವು. ಆದರೆ ಬೇವಿನ ಗಿಡದ ಕೆಳಗೆ ಐಶ್ವರ್ಯ ನಗುನಗುತ್ತ ಹೋಳಿಗೆ ಬಡಿಸುತ್ತಿದ್ದಳು. ತಲೆಯ ಮೇಲೆ ಮಾಳಿಗೆ ಇತ್ತು, ಕೀಲಿಕೈ ಬಾಳಮ್ಮನ ಸೊಂಟದಲ್ಲಿತ್ತು, ಮುಖ್ಯವಾಗಿ ನಾನು ಸತ್ತಿರಲಿಲ್ಲ. ಬಂದ ದಾರಿಯಲ್ಲೇ ಬೈಗುಳಗಳನ್ನು ನುಂಗಿ, ಪಂಗ್ತಿಯಲ್ಲಿ ಅಮಸಿದ್ದನ ಪಕ್ಕ ಕುಳಿತೆ. ನನ್ನನ್ನು ಕೊಂದವನೇ ನನ್ನ ಎಲೆಗೆ ತುಪ್ಪ ಸುರಿದ.

ಈಗ ಮಸ್ಕತ್ ಬಿಟ್ಟು ಊರಲ್ಲೇ ಇದ್ದೇನೆ. ಸಾರಿಗೆ ಉಪ್ಪು ಹೆಚ್ಚಾಯಿತೆಂದೋ ಅಂಗಿಯ ಗುಂಡಿ ಕಿತ್ತಿತೆಂದೋ ನಾನು ದನಿ ಎತ್ತಿದರೆ, ಬಾಳಮ್ಮ ಮಾತಾಡುವುದಿಲ್ಲ. ಗೂಟದ ಮೇಲಿನ ಟವೆಲು ತೆಗೆದು ಕೈಮೇಲೆ ಹೊದಿಸಿ ನನ್ನ ಮುಂದೆ ಹಿಡಿಯುತ್ತಾಳೆ. “ಬರ್ರಿ ಮಾಸ್ತರ, ಮಂದಿ ಕೇಳ್ತಾರ, ಒಳಗ ಹೇಳ್ರಿ” ಎನ್ನುತ್ತಾಳೆ.

ಟವೆಲ್ಲಿನ ಒಳಗೆ ಏನು ತೀರ್ಮಾನವಾಗುತ್ತದೆಂದು ನಾನು ಹೇಳುವುದಿಲ್ಲ. ದರವನ್ನು ಬಾಯಿಬಿಟ್ಟು ಹೇಳಬಾರದು. ಐದೂ ಬೆರಳು ಆಕೆಗೆ ಕೊಟ್ಟು ಕೈ ಹೊರಗೆ ತೆಗೆಯುತ್ತೇನೆ ಎಂಬುದು ನಮ್ಮಿಬ್ಬರಲ್ಲೇ ಇರಲಿ.