ಸೆಕೆಂಡಿನ ಮುಳ್ಳು

ಸಿಂಧನೂರಿನ ಕರಿಬಸಯ್ಯ ಮಾಸ್ತರರು ಅವತ್ತು ಮುಂಜಾನೆ ಸುಳ್ಳು ಹೇಳಲಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಮುಂದಿನದನ್ನು ಕೇಳಿದ ಮೇಲೆ ಯಾರೂ ನಂಬುವುದಿಲ್ಲ. ತಹಸೀಲ್ದಾರ ಸಾಹೇಬರು ಸಾಲೆಗೆ ಬಂದವರು ಮಾಸ್ತರರ ಕೋಟಿನ ಮೇಲೆ ಜೋತಾಡುತ್ತಿದ್ದ ಸರಪಳಿ ನೋಡಿ, "ನಿಮ್ಮ ಗಡಿಯಾರಕ್ಕ ಸೆಕೆಂಡಿನ ಮುಳ್ಳು ಅದ ಏನ್ರಿ? ನನ್ನದಕ್ಕ ಇಲ್ಲ" ಎಂದು ಕೇಳಿದರು. "ಐತ್ರಿ" ಅಂದರು ಮಾಸ್ತರರು. ಮುಳ್ಳು ಇತ್ತು. ಅದು ತಿರುಗುತ್ತದೆಯೋ ಇಲ್ಲವೋ ಸಾಹೇಬರು ಕೇಳಲಿಲ್ಲ, ಇವರೂ ಹೇಳಲಿಲ್ಲ.

ಗಡಿಯಾರ ಮದುವೆಯಲ್ಲಿ ಮಾವ ಕೊಟ್ಟದ್ದು. ಕೊಟ್ಟ ವರ್ಷವೇ ನಿಂತುಹೋಗಿತ್ತು. ಕೀಲಿ ಹಿಡಿದು ತಿರುವಿದರೆ ಮುಳ್ಳುಗಳು ಜಾಗ ಬದಲಿಸುತ್ತಿದ್ದವು, ಬಿಟ್ಟರೆ ಅಲ್ಲೇ ಕೂತುಬಿಡುತ್ತಿದ್ದವು. ಆದರೆ ಮಾಸ್ತರರಿಗೆ ಊರಲ್ಲಿ ಸಿಗುತ್ತಿದ್ದ ಮರ್ಯಾದೆಯ ಅರ್ಧ ಭಾಗ ಆ ಸರಪಳಿಯದು. ಅದಕ್ಕೇ ಅವರು ಅದನ್ನು ಬಿಡದೆ ಧರಿಸಿಕೊಂಡು ಬಂದಿದ್ದರು.

ಸಾಹೇಬರಿಗೆ ಗಡಿಯಾರ ಬೇಕಾದದ್ದು ಮಕ್ಕಳ ಈಜು ಪಂದ್ಯಕ್ಕೆ. ಬೇಸಿಗೆ ಬಂತೆಂದರೆ ಸಾಹುಕಾರ ದೊಡ್ಡಬಸಪ್ಪನ ತೋಟದ ಬಾವಿಯಲ್ಲಿ ಪಂದ್ಯ ನಡೆಯುತ್ತದೆ. ಬಾವಿ ಆಳ ಬೇಕಾದಷ್ಟಿದೆ, ಅಗಲ ಇಲ್ಲ. ಎಲ್ಲರನ್ನೂ ಒಟ್ಟಿಗೆ ಬಿಟ್ಟರೆ ಒಬ್ಬರ ತಲೆ ಇನ್ನೊಬ್ಬರ ಕಾಲಿಗೆ ಸಿಗುತ್ತದೆ. ಹಾಗಾಗಿ ಒಬ್ಬೊಬ್ಬರೇ ಧುಮುಕಿ, ಎದುರಿನ ಗೋಡೆ ಮುಟ್ಟಿ, ಮೆಟ್ಟಿಲಿಗೆ ವಾಪಸು ಬರಬೇಕು. ಯಾರು ಬೇಗ ಬಂದರೆಂದು ಅಳೆಯುವುದೇ ತಾಪತ್ರಯ. ಹಿಂದಿನ ವರ್ಷ ಮಸ್ಕಿಯಲ್ಲಿ ನಡೆದ ಇಂಥದೇ ಪಂದ್ಯದಲ್ಲಿ ಚಪ್ಪಾಳೆ ತಟ್ಟಿ ಎಣಿಸಿದ್ದರು. ಚಪ್ಪಾಳೆ ತಟ್ಟಿದವರು ಅಪ್ಪಂದಿರು. ತಮ್ಮ ಮಗ ನೀರಿನಲ್ಲಿದ್ದಾಗ ನಿದ್ದೆಗಣ್ಣಿನಲ್ಲಿ ತಟ್ಟಿದಂತೆ ತಟ್ಟಿದರು, ಮಂದಿಯ ಮಗ ಇಳಿದಾಗ ಪಟಪಟ ಬಾರಿಸಿದರು. ಕೊನೆಗೆ ಒಬ್ಬರನ್ನೊಬ್ಬರು ಬಾರಿಸಿದರು, ತಕರಾರು ರಾಯಚೂರಿನವರೆಗೆ ಹೋಯಿತು.

"ಈ ಸಲ ಇಲ್ಲಿ ಒಂದೂ ತಕರಾರು ಬರಬಾರದು ಮಾಸ್ಟರ್ ಸಾಹೇಬ್" ಅಂದರು ತಹಸೀಲ್ದಾರರು. "ಬರಲಿಲ್ಲ ಅಂದ್ರ ಲಿಂಗಸೂಗೂರಿಗೆ ಬದಲಿ ಕೇಳಿದ ನಿಮ್ಮ ಅರ್ಜಿಗೆ ಇವತ್ತೇ ಶಿಫಾರಸು ಬರದು ಸಾಯಂಕಾಲದ ರಾಯಚೂರು ಮೋಟಾರಿಗೆ ಕಳಸ್ತೀನಿ. ನಾಳೆ ರಾಯಚೂರಿನಾಗ ಬದಲಿ ಎಲ್ಲಾ ಪಕ್ಕಾ ಆಗ್ತಾವ. ಇವತ್ತು ತಪ್ಪಿದ್ರ ಮುಂದಿನ ವರ್ಷ ನೋಡಬೇಕು."

ಮಾಸ್ತರರ ಕೈ ತಾನಾಗಿ ಸರಪಳಿಗೆ ಹೋಯಿತು. ಅವರ ಹೆಂಡತಿ ಬಸವಣ್ಣೆಮ್ಮ ಸಿಂಧನೂರಿಗೆ ಬಂದು, ಇಲ್ಲಿನ ಬಾವಿಯ ಉಪ್ಪುನೀರು ಬಾಯಿಗೆ ಹಾಕಿಕೊಂಡು, ಅದೇ ವಾರ ಲಿಂಗಸೂಗೂರಿನ ತವರಿಗೆ ಹೋದವಳು ತಿರುಗಿ ಬಂದಿರಲಿಲ್ಲ. ವರ್ಷಗಟ್ಟಲೆ ಮಾಸ್ತರರು ತಾವೇ ರೊಟ್ಟಿ ಬಡಿದು ಉಂಡಿದ್ದರು. ಒಂದು ಮಗ್ಗುಲು ಕರಕು, ಇನ್ನೊಂದು ಮಗ್ಗುಲು ಹಸಿ. ಸಾಕಾಗಿಹೋಗಿತ್ತು ಅವರಿಗೆ. "ಆಗ್ಲಿರಿ" ಅಂದುಬಿಟ್ಟರು.

ಮಧ್ಯಾಹ್ನ ಬಾವಿಯ ಸುತ್ತ ಜನವೋ ಜನ. ಕಚೇರಿಯ ಗೋಡೆ ಗಡಿಯಾರ ರಿಪೇರಿಗೆಂದು ಹೈದರಾಬಾದಿಗೆ ಹೋಗಿ ಅಲ್ಲೇ ಉಳಿದಿದ್ದರಿಂದ, ಜವಾನ ನರಸಣ್ಣ ಕಂಬದ ನೆರಳು ನೋಡಿ ಅಂದಾಜಿನ ಮೇಲೆ ಮೂರು ಗಂಟೆ ಬಾರಿಸಿ, ತಾನೂ ಪಂದ್ಯ ನೋಡಲು ಓಡಿಬಂದಿದ್ದ. ಮಾಸ್ತರರು ಬೆನ್ನು ತಿರುಗಿಸಿ ಮುಳ್ಳನ್ನು ಮೂರಕ್ಕೆ ತಂದಿಟ್ಟರು.

ಸಮಯ ಅಳೆಯಲು ಅವರು ಒಂದು ಉಪಾಯ ಕಂಡುಕೊಂಡಿದ್ದರು. ಜಂಗಮರ ಮನೆಯಲ್ಲಿ ಹುಟ್ಟಿದವರು, ಚಿಕ್ಕಂದಿನಿಂದ ದಿನಕ್ಕೆರಡು ಸಲ ಜಪ ಮಾಡಿ ರೂಢಿಯಾದ ನಾಲಿಗೆ. ಎಡಗೈಯಲ್ಲಿ ಗಡಿಯಾರ, ಬಲಗೈ ಕೋಟಿನ ಜೇಬಿನಲ್ಲಿ, ಜೇಬಿನಲ್ಲಿ ರುದ್ರಾಕ್ಷಿ ಸರ. ಒಂದು 'ಓಂ ನಮಃ ಶಿವಾಯ'ಕ್ಕೆ ಒಂದು ಸೆಕೆಂಡು. ಗಡಿಯಾರ ಸುಳ್ಳಾದರೂ ಎಣಿಕೆ ಸುಳ್ಳಾಗಬಾರದು, ಮಕ್ಕಳಿಗೆ ಮೋಸ ಮಾಡಬಾರದು ಎಂದು ಅವರು ಮನಸ್ಸಿನಲ್ಲೇ ಆಣೆ ಮಾಡಿಕೊಂಡರು.

ಮೊದಲು ಧುಮುಕಿದ್ದು ಸಾಹುಕಾರನ ಮಗ. ಸಾಹುಕಾರ ದೊಡ್ಡಬಸಪ್ಪ ಬಂದು ಮಾಸ್ತರರ ಕಿವಿಗೇ ಬಾಯಿಟ್ಟ.

"ಅಯ್ಯನೋರೆ, ಹುಡುಗ ಮುಂಜಾನಿಂದ ಬರೇ ಮೊಸರನ್ನ ಉಂಡಾನ. ಸ್ವಲ್ಪ ನೋಡ್ಕೋರಿ."

ಮೊಸರನ್ನ ಅಂದದ್ದೇ ತಡ, ಹಸಿ ರೊಟ್ಟಿ ಉಂಡು ಬಂದಿದ್ದ ಮಾಸ್ತರರ ಜಪ ತಪ್ಪಿತು. ಎಷ್ಟು ಮಣಿ ಸರಿದವು ಅನ್ನುವುದೇ ತಿಳಿಯಲಿಲ್ಲ.

"ಇನ್ನೊಮ್ಮೆ ಈಜಲಿ" ಅಂದರು. "ಗಾಜಿನ ಮ್ಯಾಲ ನೊಣ ಕುಂತಿತ್ತು, ಸರಿಯಾಗಿ ಕಾಣಲಿಲ್ಲ."

ಆಮೇಲೆ ಜಮಾದಾರ ಇಸ್ಮಾಯಿಲ್‌ಸಾಬರ ಮಗನ ಸರದಿ. ಪೊಲೀಸು ಜಮಾದಾರರು ಲಾಠಿ ಹಿಡಿದು ಮಾಸ್ತರರ ಬೆನ್ನ ಹಿಂದೆಯೇ ನಿಂತರು. ಬರೀ ಉಸಿರಾಡಿದರು. ಆ ಉಸಿರು ಕುತ್ತಿಗೆಗೆ ತಾಗಿದ್ದೇ ಮಾಸ್ತರರ ಜಪ ಬೆದರಿದ ಎತ್ತಿನ ಬಂಡಿಯಂತೆ ಓಡತೊಡಗಿತು. ಹುಡುಗ ಅರ್ಧ ಬಾವಿ ದಾಟುವುದರೊಳಗೆ ಸರದ ಮುಕ್ಕಾಲು ಮಣಿ ಸರಿದುಹೋಗಿದ್ದವು. ಇದು ಹುಡುಗನಿಗೆ ಅನ್ಯಾಯ ಅನ್ನಿಸಿತು.

"ಇವನೂ ಇನ್ನೊಮ್ಮೆ. ಜಮಾದಾರ ಸಾಹೇಬ್ರ, ನೀವು ಒಂದೀಟು ಆ ಕಡಿ ನಿಂದರ್ರಿ, ಬೆಳಕು ಬೇಕು."

ಹೀಗೆ ನೊಣ ಕೂತಿತು, ಬೆಳಕು ಅಡ್ಡವಾಯಿತು, ಕಣ್ಣಿಗೆ ಬೆವರು ಇಳಿಯಿತು. ಪ್ರತಿ ಹುಡುಗನೂ ಎರಡೆರಡು ಸಲ, ಕೆಲವರು ಮೂರು ಸಲ ಈಜಿದರು. ಜನ ಬೇಸರ ಪಡಲಿಲ್ಲ, ಬದಲಿಗೆ ತಲೆದೂಗಿದರು. "ನೋಡ್ರಿ, ಒಂದು ನೊಣಕ್ಕೂ ನ್ಯಾಯ ಬಿಡವಲ್ರು" ಎಂದು ನರಸಣ್ಣ ಎಲ್ಲರಿಗೂ ಕೇಳುವಂತೆ ಹೇಳಿದ. ಮಾಸ್ತರರಿಗೆ ಮಾತ್ರ ಕಾಲು ಸೋತು, ನಾಲಿಗೆ ಒಣಗಿ, ಶಿವನ ಹೆಸರೇ ಬೇಡವೆನ್ನಿಸುವಷ್ಟು ದಣಿವಾಗಿತ್ತು. ನಡುವೆ ಒಮ್ಮೆ ಎಲ್ಲರೂ ನೀರಿನತ್ತ ಬಗ್ಗಿದ್ದಾಗ ಮುಳ್ಳನ್ನು ಮೂರೂವರೆಗೆ ಸರಿಸಿದರು. ಆಮೇಲೆ ದೊಡ್ಡಬಸಪ್ಪ ಪಕ್ಕಕ್ಕೇ ಬಂದು ಕೂತದ್ದರಿಂದ ಕೀಲಿಗೆ ಬೆರಳು ಹಾಕಲು ಆಗಲಿಲ್ಲ.

ಕೊನೆಗೆ ಧುಮುಕಿದವಳು ಎಮ್ಮೆ ಕಾಯುವ ಜೋಗಮ್ಮನ ಮಗಳು ಅಯ್ಯಮ್ಮ. ಜೋಗಮ್ಮ ಯಾರ ಕಿವಿಗೂ ಬಾಯಿಡಲಿಲ್ಲ, ಬಾವಿಯ ಕಟ್ಟೆಯ ಮೇಲೆ ಕೂತು ಎಲೆ ಅಡಿಕೆ ಜಗಿಯುತ್ತಿದ್ದಳು. ಮಾಸ್ತರರ ಜಪ ಅವತ್ತು ಮೊದಲ ಸಲ ಮನೆಯಲ್ಲಿ ನಡೆದಂತೆ ಸಮನಾಗಿ ನಡೆಯಿತು. ಹುಡುಗಿ ಎಲ್ಲರಿಗಿಂತ ಕಡಿಮೆ ಮಣಿಗೇ ಗೋಡೆ ಮುಟ್ಟಿ ಬಂದಿದ್ದಳು.

ಮಾಸ್ತರರು ಆಕೆಯ ಹೆಸರು ಹೇಳಿ ಕಣ್ಣು ಮುಚ್ಚಿಕೊಂಡರು. ತಕರಾರು ಬಂದರೆ ಈಗಲೇ ಬರಬೇಕು.

ದೊಡ್ಡಬಸಪ್ಪ ಎದ್ದು ನಿಂತ. "ನಾ ಏನೂ ಅನ್ನಂಗಿಲ್ರಿ. ನಮ್ಮ ಹುಡುಗ ಈಜುವಾಗ ಅಯ್ಯನೋರು ಶಿವನಾಮ ಹೇಳಿ ಬೇಡಿಕೊಳ್ಳಾಕತ್ತಿದ್ರು, ತುಟಿ ಅಲುಗೋದು ಕಣ್ಣಾರೆ ನೋಡೀನಿ. ಅಷ್ಟಾದ್ರೂ ಗೆಲ್ಲಲಿಲ್ಲ ಅಂದ್ರ ಅದು ಅವನ ಹಣೇಬರಾ."

ಇಸ್ಮಾಯಿಲ್‌ಸಾಬರು ಲಾಠಿ ಕೆಳಗಿಟ್ಟರು. "ಗಡಿಯಾರ ಯಾರ ಮಾವನೂ ಅಲ್ಲ, ಯಾರ ಅಳಿಯನೂ ಅಲ್ಲ. ಅದು ಹೇಳಿದ ಮ್ಯಾಲ ಮುಗೀತು."

ತಕರಾರು ಬರಲಿಲ್ಲ. ಮಾಸ್ತರರಿಗೆ ಅಲ್ಲೇ ಕೂತು ಅತ್ತುಬಿಡಬೇಕೆನ್ನಿಸಿತು. ಲಿಂಗಸೂಗೂರಿನ ಸಿಹಿನೀರು, ಬಸವಣ್ಣೆಮ್ಮನ ತೆಳ್ಳನೆಯ ರೊಟ್ಟಿ, ಎರಡೂ ಕಣ್ಣ ಮುಂದೆ ಬಂದವು.

"ಬಹುತ್ ಖೂಬ್" ಅಂದರು ತಹಸೀಲ್ದಾರರು. ಅಲ್ಲೇ ಶಿಫಾರಸು ಬರೆದು ಸಹಿ ಹಾಕಿದರು. "ಕಚೇರಿಗೆ ಹೋಗಿ ಮೊಹರು ಹಾಕಿ ಮೋಟಾರಿಗೆ ಕೊಟ್ರಾಯ್ತು. ಮೋಟಾರು ನಾಲ್ಕೂವರಿಗೆ. ಈಗ ಟೈಮೆಷ್ಟು?" ಎನ್ನುತ್ತ ತಮ್ಮ ಗಡಿಯಾರ ತೆಗೆದರು. "ನನ್ನದು ನಾಲ್ಕೂ ಕಾಲು ತೋರಸ್ತದ. ಇದೊಂದು ಯಾವಾಗ್ಲೂ ಮುಂದ ಓಡ್ತದ. ನಿಮ್ಮದು ನೋಡೋಣ."

ಮಾಸ್ತರರ ಕೈಯಲ್ಲಿ ಮೂರೂವರೆ ಇತ್ತು. ಸಾಹೇಬರು ಬಗ್ಗಿ ನೋಡಿದರು, ನಕ್ಕರು, ತಮ್ಮ ಗಡಿಯಾರದ ಕೀಲಿ ತಿರುವಿ ಮುಳ್ಳನ್ನು ಮೂರೂವರೆಗೆ ಹಿಂದಕ್ಕೆ ತಂದರು.

"ಸಾಹೇಬ್ರ, ಕಾಗದ ಈಗ್ಲೇ ಕಳಿಸಿದ್ರ ಚಲೋ ಅಲ್ರಿ?" ಅಂದರು ಮಾಸ್ತರರು.

"ಇನ್ನೂ ಒಂದು ತಾಸು ಅದ. ಸಾಹುಕಾರರು ಮಂಡಾಳ ಒಗ್ಗರಣಿ, ಮಿರ್ಚಿ ತರಸ್ಯಾರ. ಕೂಡ್ರಿ."

"ನೆರಳು ಆಗ್ಲೇ ಬಾವಿಯ ಮೂಡಲ ಗ್ವಾಡಿ ಏರೇತಿ" ಅಂದ ದೊಡ್ಡಬಸಪ್ಪ, ಮಿರ್ಚಿ ಬಡಿಸುತ್ತ. "ಹೊತ್ತು ಬಾಳ ಆದಂಗ ಕಾಣತೈತ್ರಿ."

"ಸೆಕೆಂಡಿನ ಮುಳ್ಳಿನ ಗಡಿಯಾರ ಇಲ್ಲಿ ಇರಬೇಕಾದ್ರ ನೆರಳು ನೋಡ್ತೀರಲ್ಲ" ಎಂದು ಸಾಹೇಬರು ನಕ್ಕರು. "ಮಾಸ್ಟರ್ ಸಾಹೇಬ್, ನಿಮ್ಮ ಗಡಿಯಾರದ ಮ್ಯಾಲ ನಿಮಗ ಭರವಸಾ ಅದ ಅಲ್ಲ?"

ಮಾಸ್ತರರು ಸುತ್ತ ನೋಡಿದರು. ಗಡಿಯಾರ ನಿಂತಿದೆ ಅಂದರೆ ಅಯ್ಯಮ್ಮನ ಗೆಲುವು ಉಳಿಯುವುದಿಲ್ಲ, ಊರೆಲ್ಲ ತಕರಾರು ಏಳುತ್ತದೆ, ಬದಲಿ ಹೋಗುತ್ತದೆ. ಜಮಾದಾರರ ಲಾಠಿಯೂ ಕೈಗೆಟಕುವಷ್ಟು ಹತ್ತಿರದಲ್ಲೇ ಬಿದ್ದಿತ್ತು. ಗಡಿಯಾರ ಸರಿಯಿದೆ ಅಂದರೆ ಮೋಟಾರು ಹೋಗುತ್ತದೆ, ಬದಲಿಯೂ ಅದರ ಹಿಂದೆಯೇ ಹೋಗುತ್ತದೆ. ಅತ್ತ ಕಟ್ಟೆಯ ಮೇಲೆ ಅಯ್ಯಮ್ಮ ಒದ್ದೆ ಕೂದಲು ಹಿಂಡಿಕೊಳ್ಳುತ್ತ ನಗುತ್ತಿದ್ದಳು.

"ಐತ್ರಿ" ಅಂದರು ಮಾಸ್ತರರು. ಅವತ್ತು ಅವರು ಬಾಯಿಬಿಟ್ಟು ಹೇಳಿದ ಅಪ್ಪಟ ಸುಳ್ಳು ಇದೊಂದೇ ಇರಬೇಕು, ನೊಣದ್ದು ಬಿಟ್ಟರೆ.

ಸಾಹೇಬರು ಎರಡನೆಯ ಮಿರ್ಚಿಗೆ ಕೈ ಹಾಕಿದ್ದರು, ಅಷ್ಟರಲ್ಲಿ ರಸ್ತೆಯ ಕಡೆಯಿಂದ ಮೋಟಾರಿನ ಹಾರ್ನ್ ಕೇಳಿಸಿತು. ಬೇಲಿಯ ಆಚೆ ಧೂಳು ಎದ್ದಿತು. ರಾಯಚೂರಿನ ದಿಕ್ಕಿಗೆ ಹೋಗಿ ಮರೆಯಾಯಿತು.

ಸಾಹೇಬರು ತಮ್ಮ ಗಡಿಯಾರದಲ್ಲಿ ಮೂರೂ ಮುಕ್ಕಾಲು ನೋಡಿ ಕೆಂಪಗಾದರು. "ಪೌಣೆ ನಾಲ್ಕಕ್ಕೇ ಬಿಟ್ಟುಕೊಂಡು ಹೊಂಟಾನ. ಹೊತ್ತಿಗೆ ಮುಂಚೆ ಮೋಟಾರು ಬಿಡೋದಂದ್ರ ಏನು, ಇದು ಸರಕಾರದ ರಸ್ತಾ ಅಲ್ಲೇನು? ಚೌಕಸಿ, ತನಿಖಿ ಎಲ್ಲಾ ಮಾಡಸ್ತೀನಿ. ಮಾಸ್ಟರ್ ಸಾಹೇಬ್, ನೀವೇ ಮುಖ್ಯ ಸಾಕ್ಷಿ."

"ಮತ್ತ ನನ್ನ ಬದಲಿ?"

"ಚೌಕಸಿ ಮುಗಿಯೋ ತನಕ ನೀವು ಸಿಂಧನೂರು ಬಿಡಂಗಿಲ್ಲ. ನಿಮ್ಮ ಗಡಿಯಾರನೂ ಬಿಡಂಗಿಲ್ಲ. ಅದು ಒಂದು ಗಳಿಗಿನೂ ನಿಂದರಬಾರದು, ತಿಳೀತಾ? ನರಸಣ್ಣ, ನಾಳಿಂದ ಕಚೇರಿ ಗಂಟಿ ಮಾಸ್ಟರ್ ಸಾಹೇಬರ ಗಡಿಯಾರ ನೋಡೇ ಬಾರಸಬೇಕು."

ಮರುದಿನ ಮುಂಜಾನೆ ಮಾಸ್ತರರು ಒಲೆಯ ಮುಂದೆ ಕೂತು ರೊಟ್ಟಿ ಬಡಿಯುತ್ತಿದ್ದರು. ಹೆಂಚಿನ ಮೇಲಿನ ರೊಟ್ಟಿ ಒಂದು ಮಗ್ಗುಲು ಕರಕಾಗುತ್ತಿತ್ತು. ಬಾಗಿಲಲ್ಲಿ ಕೆಮ್ಮಿದ ಸದ್ದಾಯಿತು. ಕಟ್ಟಿಗೆಯ ಸುತ್ತಿಗೆ ಹಿಡಿದು ನರಸಣ್ಣ ನಿಂತಿದ್ದ.

"ಅಯ್ಯನೋರೆ, ಈಗ ಎಷ್ಟು ಬಾರಸ್ಲಿ?"

ಮಾಸ್ತರರು ಹಿಟ್ಟಿನ ಕೈಯಲ್ಲೇ ಎದ್ದು ಅಂಗಳಕ್ಕೆ ಬಂದು, ಬೇವಿನ ಗಿಡದ ನೆರಳು ಎಲ್ಲಿಗೆ ಬಂದಿದೆ ಎಂದು ನೋಡತೊಡಗಿದರು.