ಊದಬಾರದು, ಎಳೆಯಬೇಕು

ನಮ್ಮ ಸೋದರತ್ತೆ ಗಾಂಜಾ ತೆಗೆದುಕೊಳ್ಳುತ್ತಾರೆ. ಹೀಗೆಂದರೆ ಅವರನ್ನು ಬಲ್ಲವರು ಯಾರೂ ನಂಬುವುದಿಲ್ಲ. ನಂಬುವುದಾದರೂ ಹೇಗೆ? ಅರವತ್ತು ದಾಟಿದ, ಶನಿವಾರ ಈರುಳ್ಳಿಯನ್ನೂ ಮುಟ್ಟದ, ಕಾಫಿಪುಡಿಗೆ ಚಿಕೋರಿ ಬೆರೆಸುವವರನ್ನು ಒಂದು ಮಾರು ದೂರದಲ್ಲೇ ಇಟ್ಟಿರುವ ಹೆಂಗಸು! ಆದರೂ ಸುದ್ದಿ ನಿಜ. "ಏನತ್ತೆ, ಸೇದ್ತೀರಂತೆ?" ಎಂದು ಕೇಳಿ ನೋಡಿ. ನಿಮ್ಮ ಕಥೆ ಅಲ್ಲಿಗೆ ಮುಗಿಯಿತು.

"ಸೇದೋದು ಬಾವೀಲಿ ಕಣೇ, ಇಲ್ದಿದ್ರೆ ಬೀಡೀಲಿ. ನಾನು ಆವಿ ತಗೊಳೋದು. ಡಾಕ್ಟರ್ ಚೀಟಿ ಇದೆ!"

ಆವಿಯ ವಿಷಯಕ್ಕೆ ಬರುವ ಮೊದಲು ಬೆಂಕಿಯ ವಿಷಯ ಹೇಳಬೇಕು. ನಮ್ಮ ಅತ್ತೆಗೆ ಕಣ್ಣಿಗೆ ಕಾಣದ ಬೆಂಕಿಯ ಮೇಲೆ ನಂಬಿಕೆಯಿಲ್ಲ. ಮೆಲ್ಬರ್ನಿನ ವೆರಿಬೀಯಲ್ಲಿರುವ ಅವರ ಮನೆಯಲ್ಲಿ ಗ್ಯಾಸ್ ಒಲೆಯ ನೀಲಿ ಜ್ವಾಲೆಯನ್ನು ಬಗ್ಗಿ ನೋಡದೆ ಪಾತ್ರೆ ಇಡುವುದಿಲ್ಲ. ಇಂಥವರು ಸಿಡ್ನಿಗೆ, ಸ್ಕೋಫೀಲ್ಡ್ಸ್‌ನಲ್ಲಿ ನಾವು ಮಾರ್ಟ್‌ಗೇಜ್ ಸಾಲ ಹೊತ್ತು ಕೊಂಡ ಹೊಸ ಮನೆಯ ಗೃಹಪ್ರವೇಶಕ್ಕೆ ಬಂದರು. ನನ್ನ ಇಂಡಕ್ಷನ್ ಒಲೆಯ ಕಪ್ಪು ಗಾಜನ್ನು ನೋಡಿದರು. ಬಟನ್ ಒತ್ತಿ ಅದರ ಮೇಲೆ ಅಂಗೈ ಇಟ್ಟರು.

"ಇದು ಒಲೆಯೇನೇ? ಇದಕ್ಕೆ ಜ್ವರ ಕೂಡ ಬಂದಿಲ್ಲವಲ್ಲೇ!"

ನಾನು ಆಫೀಸಿನ ಕಾಲ್ ಮುಗಿಸಿ ಕೆಳಗಿಳಿದು ಬರುವಷ್ಟರಲ್ಲಿ ಅತ್ತೆ ಹಿತ್ತಲಲ್ಲಿ ನಮ್ಮ ಕ್ಯಾಂಪಿಂಗ್ ಸ್ಟೋವ್ ಹಚ್ಚಿ ಪಾಯಸಕ್ಕೆ ಹಾಲು ಕಾಯಿಸುತ್ತಿದ್ದರು. ಹೊರಗೆ ಸುಡು ಬಿಸಿಗಾಳಿ. ರೇಡಿಯೊದಲ್ಲಿ ಬೆಳಗಿನಿಂದ ಒಂದೇ ಸೂಚನೆ: ಕಾಡ್ಗಿಚ್ಚಿನ ಭಯವಿದೆ, ಇವತ್ತು ಯಾರೂ ಹೊರಗೆ ಬೆಂಕಿ ಹಚ್ಚಬಾರದು! ಬೇಲಿಯ ಮೇಲೆ ಪಕ್ಕದ ಮನೆಯವನ ತಲೆ ಕಾಣಿಸಿಕೊಂಡಿತು. ನಾನು ಓಡಿಹೋಗಿ ಸ್ಟೋವ್ ಆರಿಸಿದೆ, ಕ್ಷಮೆ ಕೇಳಿದೆ. ಅತ್ತೆ ಅವನನ್ನು ಒಳಗೆ ಕರೆದು, ಜ್ವರವೂ ಬಾರದ ಒಲೆಯ ಮೇಲೆಯೇ ಉಳಿದ ಪಾಯಸ ಮುಗಿಸಿ, ಅವನಿಗೆ ಎರಡು ಬಟ್ಟಲು ಕುಡಿಸಿ ಕಳಿಸಿದರು. ಈಗ ಅವನು ನನ್ನನ್ನು ಕಂಡಾಗಲೆಲ್ಲ ಕೇಳುವುದು ಒಂದೇ, ಆಂಟಿ ಮತ್ತೆ ಯಾವಾಗ ಬರುತ್ತಾರೆ!

ಹೀಗೆ ಊರು ಗೆಲ್ಲುತ್ತಿದ್ದ ಅತ್ತೆಗೆ ಸರ್ಪಸುತ್ತು ಬಂತು. ಎಡ ಪಕ್ಕೆಯಿಂದ ಬೆನ್ನಿನವರೆಗೆ ಪಟ್ಟಿ ಕಟ್ಟಿದಂತೆ ಗುಳ್ಳೆ. ಗುಳ್ಳೆ ಬಂತು, ಒಣಗಿತು, ಉದುರಿತು. ನೋವು ಮಾತ್ರ ಉಳಿದುಕೊಂಡಿತು. ನರದ ನೋವು, ಕೆಲವರಿಗೆ ಹೀಗೆ ಉಳಿದುಬಿಡುತ್ತದೆ ಎಂದರು ಡಾಕ್ಟರು. ಸೀರೆಯ ಸೆರಗು ತಗುಲಿದರೆ ಕಿಡಿ ಬಿದ್ದಂತೆ. ಹೊಲಿಗೆ ಚುಚ್ಚುತ್ತದೆಂದು ಮಾವನ ಹಳೆಯ ಅಂಗಿಗಳನ್ನು ಒಳಗಿನದು ಹೊರಗೆ ಮಾಡಿ ಹಾಕಿಕೊಳ್ಳುತ್ತಿದ್ದರು. ಮಲಗಲಾರದೆ ಹಾಲ್‌ನ ರಿಕ್ಲೈನರ್ ಕುರ್ಚಿಯಲ್ಲೇ ಒರಗಿ ತೂಕಡಿಸುತ್ತಿದ್ದರು. ನೋವಿನ ಮಾತ್ರೆಗಳು ಅವರನ್ನು ಮಂಕಾಗಿಸಿದವು. "ಈ ಮಾತ್ರೆ ತಿಂದ್ರೆ ನೋವು ಎಲ್ಲೂ ಹೋಗಲ್ಲ ಕಣೇ, ನಾನೇ ಎಲ್ಲೋ ಹೋಗಿಬಿಡ್ತೀನಿ," ಎಂದು ಫೋನಿನಲ್ಲಿ ಹೇಳಿ ನಕ್ಕರು. ಆ ನಗು ನನಗೆ ಇಷ್ಟವಾಗಲಿಲ್ಲ.

ಕೊನೆಗೆ ಮೆಲ್ಬರ್ನಿನ ಆ ತುದಿಯ ಬಾಕ್ಸ್ ಹಿಲ್‌ನಲ್ಲಿ ಕೂರುವ ನೋವಿನ ತಜ್ಞೆಯೊಬ್ಬರು ಹೇಳಿದರು: ಬೇರೆಲ್ಲ ನೋಡಿಯಾಗಿದೆ, ಇನ್ನು ವೈದ್ಯಕೀಯ ಗಾಂಜಾ ಪ್ರಯತ್ನಿಸೋಣ. ಇಲ್ಲಿ ಅದಕ್ಕೆ ಕಾನೂನಿದೆ, ಚೀಟಿಯಿದೆ, ಫಾರ್ಮಸಿಯಿದೆ. ಮಾವ ಕುರ್ಚಿಯಿಂದ ಅರ್ಧ ಎದ್ದರಂತೆ. ಅತ್ತೆ ಮಾತ್ರ ಇಂಗ್ಲಿಷಿನಲ್ಲಿ ತಣ್ಣಗೆ, "ನಮ್ಮ ಊರಿನ ಬೈರಾಗಿಗಳು ಇದನ್ನ ಚೀಟಿ ಇಲ್ಲದೇ ತಗೋತಾ ಇದ್ರು ಡಾಕ್ಟರ್. ಅವರಿಗೂ ಸರ್ಪಸುತ್ತೇ ಇತ್ತೋ ಏನೋ ಪಾಪ!" ಎಂದರಂತೆ.

ಷರತ್ತು ಒಂದೇ. ಇದನ್ನು ತೆಗೆದುಕೊಳ್ಳುವವರು ಕಾರು ಓಡಿಸುವಂತಿಲ್ಲ. ಅತ್ತೆ ಸ್ಟಿಯರಿಂಗ್ ಹಿಡಿದರೆ ಫ್ರೀವೇಯ ಲಾರಿಗಳೇ ದಾರಿ ಬಿಡುತ್ತಿದ್ದವು. ಅಂಥವರು ಅಲ್ಲೇ ಕೀಲಿ ತೆಗೆದು ಮಾವನ ಅಂಗೈಗೆ ಹಾಕಿದರು. ಮಾವ ಅಷ್ಟು ಕಾಲ ವೆರಿಬೀಯ ತರಕಾರಿ ಅಂಗಡಿಯಾಚೆ ಕಾರು ಓಡಿಸಿದವರೇ ಅಲ್ಲ! ಆ ದಿನ ಬಾಕ್ಸ್ ಹಿಲ್‌ನಿಂದ ಮನೆಗೆ ಮರಳುವಾಗ ಹಿಂದಿದ್ದವರೆಲ್ಲ ಹಾರ್ನ್ ಹೊಡೆದರು. "ಏನೇ ಇದು, ಎಲ್ಲರೂ ನಮಗೆ ವಿಶ್ ಮಾಡ್ತಾ ಇದಾರೆ?" ಎಂದು ಮಾವ ಕೇಳಿದರೆ, "ಹೂಂ ರೀ, ಹಿಂತಿರುಗಿ ನೋಡ್ಬೇಡಿ, ದೃಷ್ಟಿ ತಾಗುತ್ತೆ," ಎಂದರಂತೆ ಅತ್ತೆ.

ಮೊದಲು ಕೊಟ್ಟದ್ದು ಬ್ಯಾಟರಿಯಿಂದ ನಡೆಯುವ ಯಂತ್ರ. ಸೊಪ್ಪು ತುಂಬಿ ಬಟನ್ ಒತ್ತಿದರೆ ತಾನೇ ಬಿಸಿಯಾಗಿ ಆವಿ ಕೊಡುತ್ತದೆ. ಸುಲಭ. ಆದರೆ ಒಂದು ಮಧ್ಯಾಹ್ನ ನೋವು ಕಿತ್ತುಕೊಂಡು ಬಂದಾಗ ಅದರ ಚಾರ್ಜ್ ಮುಗಿದಿತ್ತು. ಅದು ಮತ್ತೆ ಜೀವ ಪಡೆಯುವ ತನಕ ಅತ್ತೆ ಗೋಡೆ ಹಿಡಿದು ನಿಂತರಂತೆ. ಆಮೇಲೆ ಅದನ್ನು ಕಪಾಟಿನೊಳಗೆ ತಳ್ಳಿ, "ನನ್ನ ನೋವು ಚಾರ್ಜ್ ಆಗೋ ತನಕ ಕಾಯುತ್ತಾ?" ಎಂದವರೇ, ತಾವೇ ಹುಡುಕಿ ಇನ್ನೊಂದನ್ನು ತರಿಸಿದರು. ಆ ವಾರವೇ ಮಾವನಿಂದ ನನಗೆ ಫೋನ್.

"ನಿಮ್ಮತ್ತೆ ಮರದ ಡಬ್ಬೀಗೆ ಬೆಂಕಿ ಇಡ್ತೀನಿ ಅಂತಿದಾಳೆ. ಬೇಗ ಬಾರಮ್ಮ."

ನಾನು ಲ್ಯಾಪ್‌ಟಾಪ್ ಹೊತ್ತು ಮೆಲ್ಬರ್ನಿಗೆ ಹಾರಿದೆ. ಊಟದ ಮೇಜಿನ ಮೇಲೆ ಅದು ಕೂತಿತ್ತು. ನುಣುಪಾದ ಕೆಂಪು ಮರ, ಅಂಗೈಯಗಲ, ಕುಂಕುಮದ ಭರಣಿಯಷ್ಟು ಚೆಂದ. ಒಂದು ಕಡೆ ಗಾಜಿನ ಪುಟ್ಟ ಮೂತಿ, ಇನ್ನೊಂದು ಕಡೆ ಬಾಯಿಗಿಡುವ ಗಾಜಿನ ಕೊಳವೆ, ನಡುವೆ ಸೊಪ್ಪಿಗೆ ಒಂದು ಗುಳಿ. ಬ್ಯಾಟರಿಯಿಲ್ಲ, ತಂತಿಯಿಲ್ಲ. ಮೂತಿಯ ಮುಂದೆ ಜ್ವಾಲೆ ಹಿಡಿದು ಈ ಕಡೆಯಿಂದ ಉಸಿರು ಎಳೆಯಬೇಕು. ಬಿಸಿಗಾಳಿ ಸೊಪ್ಪನ್ನು ಹಾಯ್ದು ಆವಿಯಾಗಿ ಬರುತ್ತದೆ. ಬೆಂಕಿ ಹತ್ತಿರವಾದರೆ ಸೊಪ್ಪು ಸುಟ್ಟು ಹೊಗೆ, ದೂರವಾದರೆ ಬರೀ ಗಾಳಿ. ನಡುವಿನ ಆ ಕೂದಲೆಳೆಯಷ್ಟು ಜಾಗವನ್ನು ಹುಡುಕಿಕೊಳ್ಳುವುದೇ ವಿದ್ಯೆ.

"ಎಲ್ಲಾ ರೆಡಿ. ರೀ, ಟಾರ್ಚ್ ತಂದ್ರಾ?" ಎಂದರು ಅತ್ತೆ.

ಮಾವ ಹೆಮ್ಮೆಯಿಂದ ತಂದಿಟ್ಟರು. ಕರೆಂಟ್ ಹೋದಾಗ ಹಚ್ಚುವ ದೊಡ್ಡ ಟಾರ್ಚು, ಹೊಸ ಸೆಲ್ ಹಾಕಿಸಿಕೊಂಡು! ಮೇಜಿನ ಮೇಲೆ ಬೆಳಕು ಚೆಲ್ಲಿ, "ಸಾಕಾ ಬಿಸಿ?" ಎಂದು ಬೇರೆ ಕೇಳಿದರು. ಬೇಕಾಗಿದ್ದದ್ದು ಅಡುಗೆಯವರು ಸಿಹಿಯ ಮೇಲೆ ಸಕ್ಕರೆ ಕರಗಿಸಲು ಬಳಸುವ, ಗ್ಯಾಸ್ ತುಂಬಿದ ಬೆಂಕಿಯ ಟಾರ್ಚ್. ಅತ್ತೆ ನಗಲು ಹೋಗಿ ಪಕ್ಕೆ ಹಿಡಿದುಕೊಂಡರು. "ನಗಿಸ್ಬೇಡಿ ರೀ, ನೋಯುತ್ತೆ." ಮಾವನ ಮುಖ ಸಣ್ಣದಾಯಿತು. ಆ ಕ್ಷಣವೇ ಹೋಗಿ ಸರಿಯಾದದ್ದನ್ನು ಕೊಂಡು ತಂದರು, ಜೊತೆಗೆ ಬೆಂಕಿ ಆರಿಸುವ ಕೆಂಪು ಸಿಲಿಂಡರನ್ನೂ.

ಔಷಧಿಯನ್ನು ಅಭ್ಯಾಸಕ್ಕೆ ಹಾಳು ಮಾಡುವಂತಿಲ್ಲ. ಅತ್ತೆ ಹಿತ್ತಲಿನ ತುಳಸಿಯನ್ನು ಒಣಗಿಸಿ ಪುಡಿ ಮಾಡಿದ್ದರು. ಗುಳಿ ತುಂಬಿದರು. ದೇವರಿಗೆ ಕೈ ಮುಗಿದರು. ಟಾರ್ಚ್ ಭುಸ್ಸೆಂದು ಹತ್ತಿತು. ಮಾವ ಸಿಲಿಂಡರನ್ನು ಕೂಸಿನಂತೆ ತಬ್ಬಿ ನಿಂತರು. ಅತ್ತೆ ಕೊಳವೆಗೆ ಬಾಯಿಟ್ಟು, ಕಣ್ಣು ಮುಚ್ಚಿ, ಬಾಲ್ಯದಲ್ಲಿ ಸೌದೆ ಒಲೆಯ ಮುಂದೆ ಕಲಿತ ವಿದ್ಯೆಯನ್ನೆಲ್ಲ ಒಟ್ಟುಗೂಡಿಸಿ, ಊದಿದರು! ಅಷ್ಟೂ ತುಳಸಿ ಆಚೆ ಕಡೆಯಿಂದ ಚಿಮ್ಮಿ ಮಾವನ ಬಿಳಿ ಅಂಗಿಯ ಮೇಲೆ ಬಿತ್ತು.

"ಊದಬಾರದು ಅತ್ತೆ, ಎಳೀಬೇಕು!"

"ಬೆಂಕಿ ಕಂಡ ತಕ್ಷಣ ಬಾಯಿ ತಾನೇ ಊದುತ್ತೆ ಕಣೇ. ನಾನೇನ್ ಮಾಡ್ಲಿ?"

ಮಾವ ಎದೆಯ ಮೇಲಿನ ತುಳಸಿಯನ್ನು ಒರೆಸದೆ, "ಇರ್ಲಿ ಬಿಡು, ಪುಣ್ಯ ಬಂತು," ಎಂದರು.

ಎರಡನೆಯ ಸಲ ಎಳೆದರು. ಆದರೆ ಎಂಥಾ ಎಳೆತ! ಜ್ವಾಲೆ ಮೂತಿಯೊಳಗೇ ನುಗ್ಗಿ ಸೊಪ್ಪು ಕೆಂಡವಾಯಿತು. ಅತ್ತೆಯ ಬಾಯಿಂದ ಹಳೆಯ ರೈಲಿನಂತೆ ಕಪ್ಪು ಹೊಗೆ. ಛಾವಣಿಯ ಸ್ಮೋಕ್ ಅಲಾರಂ ಬೊಬ್ಬೆ ಹೊಡೆಯಿತು. ಮಾವ ಮೊರ ಹಿಡಿದು ಬೀಸಿದರು. ನಾನು ಕಿಟಕಿಗಳನ್ನು ತೆರೆದೆ. ಅತ್ತೆಗೆ ಕೆಮ್ಮು ಬಂತು. ನಾವು ನಗುತ್ತಲೇ ಇದ್ದೆವು. ಆಮೇಲೆ ಅವರ ಮುಖ ನೋಡಿದೆವು. ಒಂದೊಂದು ಕೆಮ್ಮಿಗೂ ಪಕ್ಕೆಯ ನೋವು ಅವರನ್ನು ಹಿಡಿದು ಹಿಂಡುತ್ತಿತ್ತು. ಕೆಮ್ಮಬಾರದೆಂದು ತುಟಿ ಕಚ್ಚಿಕೊಂಡು, ಬಾಗಿ, ಮೇಜಿನ ಅಂಚು ಹಿಡಿದಿದ್ದರು. ಅಲಾರಂ ನಿಂತಿತು. ಮಾವ ಮೊರ ಕೆಳಗಿಟ್ಟರು.

"ಸಾಕು ಬಿಡೇ," ಎಂದರು ಮಾವ ಮೆತ್ತಗೆ. "ಆ ಬಟನ್ ಮೆಷಿನ್ನೇ ಇರ್ಲಿ. ನಾನು ದಿನಾ ಚಾರ್ಜ್ ಹಾಕ್ತೀನಿ. ಮರೆಯಲ್ಲ."

ಬೇರೆ ಯಾರಾದರೂ ಆಗಿದ್ದರೆ ಅಲ್ಲಿಗೆ ಬಿಡುತ್ತಿದ್ದರು. ನಾನಂತೂ ಖಂಡಿತ ಬಿಡುತ್ತಿದ್ದೆ. ಅತ್ತೆ ಸುಟ್ಟ ತುಳಸಿಯನ್ನು ತಟ್ಟೆಗೆ ಕೊಡವಿ, ಕನ್ನಡಕ ಹಾಕಿ ದಿಟ್ಟಿಸಿದರು. ಬೆರಳಲ್ಲಿ ಉಜ್ಜಿದರು. ಮೂಸಿದರು. "ಕಪ್ಪಾಗಿದೆ. ಸಾರಿನ ಪುಡಿಗೆ ಧನಿಯಾ ಹುರೀತೀವಲ್ಲ, ಹಾಗೆ ಇದು. ಘಮ್ ಅಂದ ತಕ್ಷಣ ಬೆಂಕಿ ಹಿಂದಕ್ಕೆ ಬರಬೇಕು. ಬಾಣಲೆ ಇಳಿಸೋದು ತಡವಾಯ್ತು, ಅಷ್ಟೇ."

ಅಷ್ಟೇ! ಒಂದು ಹೊಚ್ಚ ಹೊಸ ಯಂತ್ರವನ್ನು ಅತ್ತೆ ಧನಿಯಾದಿಂದ ಅರ್ಥ ಮಾಡಿಕೊಂಡರು!

ಮರುದಿನದಿಂದ ಗ್ಯಾರೇಜೇ ಶಾಲೆ. ಮೆಲ್ಬರ್ನಿನ ಗಾಳಿಗೆ ಹೊರಗೆ ಜ್ವಾಲೆ ನಿಲ್ಲುವುದಿಲ್ಲ, ಒಳಗೆ ಅಲಾರಂ ಬಿಡುವುದಿಲ್ಲ. ಹಾಗಾಗಿ ಕಾರನ್ನು ಹೊರಗೆ ತಳ್ಳಿ, ರೋಲರ್ ಬಾಗಿಲನ್ನು ಅರ್ಧ ಎತ್ತಿ, ಒಳಗಿನದು ಹೊರಗಾದ ಅಂಗಿ ತೊಟ್ಟು ಸ್ಟೂಲಿನ ಮೇಲೆ ಅತ್ತೆ. ಮೊದಲು ಬೆಂಕಿಯಿಲ್ಲದೆ ಬರೀ ಉಸಿರು ಎಳೆಯುವುದು. ಪಕ್ಕೆ ಎಲ್ಲಿಯವರೆಗೆ ಒಪ್ಪುತ್ತದೋ ಅಲ್ಲಿಯವರೆಗೆ, ನಿಧಾನ. ಆಮೇಲೆ ತುಳಸಿ. ತುಳಸಿ ಕಪ್ಪಾಯಿತು, ಅಲ್ಲಲ್ಲಿ ಕಂದು ಬಣ್ಣವಾಯಿತು, ಹಸಿಯಾಗಿ ಉಳಿಯಿತು, ಮತ್ತೆ ಕಪ್ಪಾಯಿತು. ಪ್ರತಿ ಸಲವೂ ತಟ್ಟೆಗೆ ಕೊಡವಿ ಬಣ್ಣ ನೋಡುವುದು, "ಹೂಂ, ಇನ್ನೂ ಒಂಚೂರು" ಎನ್ನುವುದು. ಹಿತ್ತಲ ತುಳಸಿ ಬೋಳಾಗತೊಡಗಿದಾಗ ಮಾವ ಗಿಡಕ್ಕೆ ಅಡ್ಡ ನಿಂತು, "ಪೂಜೆಗೆ ನಾಲ್ಕೆಲೆ ಬಿಡೇ," ಎಂದು ಬೇಡಿಕೊಂಡರು.

ನಾನೂ ಒಂದು ಕೈ ನೋಡಿದೆ. ತುಳಸಿಯೇ ತಾನೆ, ಏನು ಮಹಾ? ಟಾರ್ಚ್ ಹಿಡಿದು ಎಳೆದೆ. ಗಂಟಲಿಗೆ ಕಾದ ಮರಳು ಸುರಿದಂತಾಗಿ, ಕಣ್ಣಲ್ಲಿ ನೀರು ಬಂದು, ಗ್ಯಾರೇಜಿನಲ್ಲಿ ಎರಡು ಸುತ್ತು ಓಡಿದೆ. ಅತ್ತೆ ನೀರಿನ ಲೋಟ ಚಾಚುತ್ತ, "ಅವಸರ! ಸಿಡ್ನಿಯವರಿಗೆಲ್ಲಾ ಅವಸರ! ಬೆಂಕೀನ ಕರೀಬೇಕು ಕಣೇ, ಎಳೆದಾಡಬಾರದು," ಎಂದರು.

ನಾನು ಸಿಡ್ನಿಗೆ ಮರಳುವ ಹಿಂದಿನ ದಿನ, ಊಟಕ್ಕೆ ಮೊದಲು, ನೋವು ಜೋರಾಗಿಯೇ ಬಂತು. ಅತ್ತೆ ಎದ್ದು ಗ್ಯಾರೇಜಿಗೆ ನಡೆದರು. ಈ ಸಲ ಗುಳಿಗೆ ತುಂಬಿದ್ದು ತುಳಸಿಯಲ್ಲ, ಫಾರ್ಮಸಿಯ ಡಬ್ಬಿಯಿಂದ ಅಳೆದು ತೆಗೆದ ಔಷಧಿ. ಟಾರ್ಚ್ ಹತ್ತಿತು. ಎಡಗೈಯಲ್ಲಿ ಮರ, ಬಲಗೈಯಲ್ಲಿ ನೀಲಿ ಜ್ವಾಲೆ. ಜ್ವಾಲೆ ಮೂತಿಯ ಹತ್ತಿರ ಬಂತು, ನಿಂತಿತು, ಉಸಿರಿನ ಜೊತೆ ಒಂದಿಷ್ಟು ಒಳಕ್ಕೆ ಬಾಗಿತು, ಘಮ ಬರುತ್ತಿದ್ದಂತೆ ಹಿಂದೆ ಸರಿಯಿತು, ಮತ್ತೆ ಬಂತು. ಉಸಿರು ಎಲ್ಲೂ ಕಡಿಯಲಿಲ್ಲ. ಟಾರ್ಚ್ ಆರಿತು. ಒಂದು ಗಳಿಗೆಯ ಬಳಿಕ ಅತ್ತೆಯ ಬಾಯಿಂದ ಬಿಳಿಯ ತೆಳು ಆವಿ ಹೊರಟು, ಅರ್ಧ ತೆರೆದ ಬಾಗಿಲ ಬಿಸಿಲಿಗೆ ಸೇರಿ ಕರಗಿತು. ಕೆಮ್ಮಿಲ್ಲ. ಅಷ್ಟು ನೋವಿನಲ್ಲಿ ಇರುವವರ ಕೈಗೆ ಬೆಂಕಿ ಅಷ್ಟು ವಿಧೇಯವಾಗಿ ನಡೆದುಕೊಳ್ಳುವುದನ್ನು ನಾನು ಎಲ್ಲೂ ಕಂಡಿರಲಿಲ್ಲ. ಅವರು ತಟ್ಟೆಗೆ ಕೊಡವಿ ತೋರಿಸಿದರು. ಹದವಾಗಿ ಹುರಿದ ಧನಿಯಾದ ಬಣ್ಣ!

"ಬಂತು," ಎಂದರು ಅತ್ತೆ, ಅಷ್ಟೇ. ಒಳಗೆ ಹೋದರು.

ಮಧ್ಯಾಹ್ನ ನಾನು ಒಂದು ಮೀಟಿಂಗ್ ಮುಗಿಸಿ ಹಾಲ್‌ಗೆ ಬಂದರೆ ರಿಕ್ಲೈನರ್ ಖಾಲಿ. ಮಾವನೂ ಇಲ್ಲ. ಕಿಟಕಿಯಿಂದ ನೋಡಿದೆ. ಮಾವ ರಸ್ತೆಯ ಬದಿ ಸುಡುಬಿಸಿಲಿನಲ್ಲಿ ಬರಿಗಾಲಲ್ಲಿ ನಿಂತಿದ್ದಾರೆ. ನಾನು ಗಾಬರಿಯಿಂದ ಓಡಿದೆ.

"ಏನಾಯ್ತು ಮಾವ? ಯಾಕೆ ಇಲ್ಲಿ?"

"ಶ್! ಪಾರ್ಸೆಲ್ ಬರುತ್ತೆ ಅಂತ ಮೆಸೇಜ್ ಬಂದಿದೆ. ಅವನು ಬೆಲ್ ಒತ್ತಿದ್ರೆ?"

"ಬೆಲ್ ಆಫ್ ಮಾಡಿದ್ರೆ ಆಯ್ತಲ್ಲ."

"ಮಾಡಿದೀನಿ. ಬಾಗಿಲು ಬಡಿದ್ರೆ?" ಎಂದು ಮಾವ ನನ್ನ ಕೈ ಹಿಡಿದುಕೊಂಡರು. ಅವರ ದನಿ ಕೇಳಿಸದಷ್ಟು ತಗ್ಗಿತು. "ಒಳಗೆ ಮಂಚದ ಮೇಲೆ ಮಲಗಿದಾಳಮ್ಮ. ಮಗ್ಗುಲಾಗಿ. ಗೊರಕೆ ಹೊಡೀತಿದಾಳೆ."

ಅಷ್ಟರಲ್ಲಿ ತಿರುವಿನಲ್ಲಿ ವ್ಯಾನು ಕಾಣಿಸಿತು. ಮಾವ ರಸ್ತೆಗೇ ಇಳಿದು ಓಡಿದರು. ಒಂದು ಕೈಯ ಬೆರಳು ತುಟಿಯ ಮೇಲೆ, ಇನ್ನೊಂದು ಕೈಯಿಂದ ಮೆಲ್ಲಗೆ, ಮೆಲ್ಲಗೆ ಎಂಬ ಸನ್ನೆ. ಆ ಡ್ರೈವರಿಗೆ ಏನು ಅರ್ಥವಾಯಿತೋ ಗೊತ್ತಿಲ್ಲ. ಇಂಜಿನ್ ಆರಿಸಿ ಇಳಿದ. ಪಾರ್ಸೆಲನ್ನು ಎರಡೂ ಕೈಯಲ್ಲಿ ಹಿಡಿದು, ನಿದ್ದೆ ಹೋದ ಮಗುವನ್ನು ಕೈಯಿಂದ ಕೈಗೆ ದಾಟಿಸುವವನಂತೆ ಮಾವನಿಗೆ ಒಪ್ಪಿಸಿದ. ಆಮೇಲೆ ವ್ಯಾನಿನ ಬಾಗಿಲನ್ನು ಸದ್ದಾಗದ ಹಾಗೆ, ಬಲು ನಿಧಾನವಾಗಿ ಎಳೆದುಕೊಂಡ.